ಗೋಲು ಹೊಡೆಯದವರ ಹೆಸರು ಎಲ್ಲಿದೆ? ಓದುಗರ ಫುಟ್‌ಬಾಲ್ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ 1950ರ ದಶಕದ ಒಬ್ಬ ಹಾಫ್‌ಬ್ಯಾಕ್ ಆಟಗಾರರ ನೆನಪಿಗೆ ಸ್ಮರಣ ಸಂಚಿಕೆ ತರಬೇಕೆಂದಿದ್ದೇವೆ. ಅವರು ಯೂನಿವರ್ಸಿಟಿ ತಂಡಕ್ಕೂ ರಾಜ್ಯ ತಂಡಕ್ಕೂ ಆಡಿದ್ದರೆಂದು ಹಿರಿಯರು ಹೇಳುತ್ತಾರೆ. ಇಂಟರ್‌ನೆಟ್‌ನಲ್ಲಿ ಅವರ ಸುಳಿವೇ ಇಲ್ಲ. ಹುಡುಕಾಟ ಎಲ್ಲಿಂದ ಶುರು ಮಾಡಬೇಕು?
– ಬಸವನಗುಡಿಯ ಓದುಗರು

ಉತ್ತರ: ಹಾಫ್‌ಬ್ಯಾಕ್‌ಗಳನ್ನು, ಅಂದರೆ ಹಿಂದಿನ ಬ್ಯಾಕ್‌ಗಳಿಗೂ ಮುಂದಿನ ಫಾರ್ವರ್ಡ್‌ಗಳಿಗೂ ನಡುವೆ ಆಡುವವರನ್ನು, ಹುಡುಕುವುದು ಫಾರ್ವರ್ಡ್‌ಗಳನ್ನು ಹುಡುಕಿದಷ್ಟು ಸುಲಭವಲ್ಲ. ಆಗಿನ ವರದಿಗಳಲ್ಲಿ ಗೋಲು ಹೊಡೆದವರ ಹೆಸರು ಬರುತ್ತಿತ್ತು, ಗೋಲ್‌ಕೀಪರ್ ಎರಡು ಒಳ್ಳೆಯ ಸೇವ್ ಮಾಡಿದ್ದರೆ ಅವರದೂ ಬರುತ್ತಿತ್ತು. ಎದುರಾಳಿಯ ಇನ್‌ಸೈಡ್ ಫಾರ್ವರ್ಡನ್ನು ಇಡೀ ಪಂದ್ಯ ಅಲುಗಾಡದಂತೆ ಕಟ್ಟಿಹಾಕಿದವರಿಗೆ ಒಂದು ಸಾಲೂ ಸಿಗುತ್ತಿರಲಿಲ್ಲ. ನಮ್ಮ ಎಂ. ಕೆಂಪಯ್ಯನವರನ್ನೇ ನೋಡಿ. 1956ರ ಮೆಲ್ಬರ್ನ್, 1960ರ ರೋಮ್ ಎರಡೂ ಒಲಿಂಪಿಕ್ಸ್ ತಂಡಗಳಲ್ಲಿದ್ದ ಹಾಫ್‌ಬ್ಯಾಕ್ ಅವರು. ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು, ಮತ್ತೆಂದೂ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅಷ್ಟು ಮೇಲೆ ಹೋಗಿಲ್ಲ. ಆದರೆ ಆ ಕೂಟ ಎಂದೊಡನೆ ಜನಕ್ಕೆ ನೆನಪಾಗುವುದು ಆಸ್ಟ್ರೇಲಿಯಾ ಮೇಲೆ ನೆವಿಲ್ ಡಿಸೋಜಾ ಹೊಡೆದ ಮೂರು ಗೋಲು. ಕೆಂಪಯ್ಯನವರ ಹೆಸರು ಬೆಂಗಳೂರಿನಲ್ಲೇ ಎಷ್ಟು ಜನರಿಗೆ ಗೊತ್ತು? ಒಲಿಂಪಿಕ್ಸ್ ಆಡಿದವರ ಪಾಡೇ ಇದಾದರೆ, ಕಾಲೇಜು ತಂಡದ ಹಾಫ್‌ಬ್ಯಾಕ್ ಇಂಟರ್‌ನೆಟ್‌ನಲ್ಲಿ ಸಿಗದಿರುವುದು ಆಶ್ಚರ್ಯವಲ್ಲ.

ಮೊದಲು ಕಾಲೇಜಿನ ವಾರ್ಷಿಕ ಸಂಚಿಕೆಗಳನ್ನು ತೆಗೆಯಿರಿ. ಅದರಲ್ಲಿ ಕ್ರೀಡಾ ಕಾರ್ಯದರ್ಶಿಯ ವರದಿ ಇರುತ್ತದೆ, ಎಷ್ಟೋ ಸಲ ತಂಡದ ಫೋಟೊ ಕೂಡ. ಶೈಕ್ಷಣಿಕ ವರ್ಷ ಎರಡು ಕ್ಯಾಲೆಂಡರ್ ವರ್ಷಗಳಲ್ಲಿ ಹಂಚಿಹೋಗುವುದರಿಂದ, ಹಿರಿಯರು '1954ರ ತಂಡ' ಎಂದರೆ 1953-54 ಮತ್ತು 1954-55 ಎರಡೂ ಸಂಚಿಕೆಗಳನ್ನು ನೋಡಲೇಬೇಕು. ಒಂದನ್ನೇ ನೋಡಿ 'ಇಲ್ಲ' ಎಂದು ಕೈಬಿಡುವವರೇ ಹೆಚ್ಚು.

ಯೂನಿವರ್ಸಿಟಿ ತಂಡದ ವಿಷಯದಲ್ಲಿ ಬಹಳ ಮಂದಿ ತಪ್ಪು ಬಾಗಿಲು ತಟ್ಟುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. ಅದಕ್ಕೆ ಮುಂಚೆ ಸೆಂಟ್ರಲ್ ಕಾಲೇಜಿನ ಹುಡುಗ ಯೂನಿವರ್ಸಿಟಿಗೆ ಆಡಿದ ಎಂದರೆ ಅದು ಮೈಸೂರು ವಿಶ್ವವಿದ್ಯಾಲಯದ ತಂಡ. ನಿಮ್ಮವರು 1950ರ ದಶಕದವರಾದ್ದರಿಂದ ಅವರ ದಾಖಲೆಯನ್ನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಹುಡುಕಿ ಫಲವಿಲ್ಲ, ಮೈಸೂರಿಗೇ ಬರೆಯಬೇಕು. ಬ್ರಿಟಿಷರ ಆಡಳಿತದಲ್ಲಿದ್ದ ಬೆಂಗಳೂರಿನ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ. ಅದಕ್ಕೂ ಹಿಂದಿನ ಆಟಗಾರರಾದರೆ ಅಲ್ಲಿನ ಕೆಲವು ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು ಎಂಬುದೂ ನೆನಪಿರಲಿ.

ಆಮೇಲೆ ಪತ್ರಿಕೆಗಳು. ಡೆಕ್ಕನ್ ಹೆರಾಲ್ಡ್ 1948ರ ಜೂನ್‌ನಲ್ಲಿ, ಪ್ರಜಾವಾಣಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಹುಟ್ಟಿದವು. ಆದ್ದರಿಂದ ನಿಮ್ಮ ಕಾಲಕ್ಕೆ ಎರಡೂ ಒದಗುತ್ತವೆ. ಮೈಸೂರು ತಂಡ ಮೊದಲ ಸಲ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಕೂಟ) ಗೆದ್ದ 1946-47ರ ಸುದ್ದಿ ಬೇಕಾದವರು ಮದ್ರಾಸಿನ ದಿ ಹಿಂದೂ ಅಥವಾ ಕನ್ನಡ ಪತ್ರಿಕೆ ತಾಯಿನಾಡು ನೋಡಬೇಕು. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗುವ ಮೊದಲು, ಯಾವ ಪತ್ರಿಕೆಯ ಯಾವ ತಿಂಗಳ ಸಂಪುಟ ಬೇಕೆಂದು ಚೀಟಿಯಲ್ಲಿ ಬರೆದುಕೊಂಡು ವಿಚಾರಿಸಿ. 'ಐವತ್ತರ ದಶಕದ್ದು ಕೊಡಿ' ಎಂದರೆ ಯಾರಿಂದಲೂ ಆಗದ ಕೆಲಸ. ಪಂದ್ಯದ ದಿನಾಂಕ ಗೊತ್ತಿದ್ದರೆ ಆ ದಿನದಿಂದ ಮೂರು ದಿನ ಮುಂದಿನವರೆಗೆ ನೋಡಿ. ಸಂಜೆ ಮುಗಿದ ಪಂದ್ಯದ ಸುದ್ದಿ ಮರುದಿನ ಬರುತ್ತಿತ್ತು, ದೂರದ ಊರಿನದಾದರೆ ಇನ್ನೂ ತಡವಾಗುತ್ತಿತ್ತು. ಹಿಂದಿನ ದಿನದ ಪತ್ರಿಕೆಯನ್ನೂ ಬಿಡಬೇಡಿ. 'ನಾಳೆ ಆಡುವ ತಂಡ' ಎಂದು ಪೂರ್ತಿ ಹೆಸರಿನ ಪಟ್ಟಿ ಸಿಗುವುದು ಅಲ್ಲೇ.

ಕೈಕೊಡುವುದು ಹೆಸರಿನ ಕಾಗುಣಿತ. ಇಂಗ್ಲಿಷ್ ಪತ್ರಿಕೆಗಳಲ್ಲಿ ಕೆಂಪಯ್ಯ ಕೆಂಪಯ್ಯರಾಗಿಯೇ ಇರುವುದಿಲ್ಲ, ಕೆಂಪಿಯಾ ಆಗಿರುತ್ತಾರೆ. ಇನಿಷಿಯಲ್ ಒಂದು ದಿನ ಇರುತ್ತದೆ, ಮರುದಿನ ಇರುವುದಿಲ್ಲ. ಒಂದೇ ತಂಡದಲ್ಲಿ ಇಬ್ಬರು ಬಷೀರ್ ಇದ್ದರೆ 'ಸೀನಿಯರ್', 'ಜೂನಿಯರ್' ಎಂದು ಮಾತ್ರ ಬರೆದಿರುತ್ತಾರೆ. ನಿಮ್ಮವರ ಹೆಸರನ್ನು ಎಷ್ಟು ರೀತಿ ಬರೆಯಬಹುದೋ ಅಷ್ಟನ್ನೂ ಮೊದಲೇ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು ಹೋಗಿ.

ಪ್ರಶ್ನೆ: ಸೋದರಮಾವನವರ ಟ್ರಂಕಿನಲ್ಲಿ ಪತ್ರಿಕೆಯ ತುಣುಕೊಂದು ಸಿಕ್ಕಿದೆ. ಹನ್ನೊಂದು ಹೆಸರಿದೆ, ನಡುವೆ ಅಲ್ಲಲ್ಲಿ ಅರ್ಧವಿರಾಮ ಚಿಹ್ನೆ (;). ಯಾರು ಯಾವ ಜಾಗದಲ್ಲಿ ಆಡಿದರೆಂದು ಎಲ್ಲೂ ಬರೆದಿಲ್ಲ. ಅವರು ಪಂದ್ಯ ಆಡಿದ್ದಾರೋ, ಬರೀ ತಂಡದ ಜೊತೆ ಹೋಗಿದ್ದರೋ ಎಂಬ ಅನುಮಾನವೂ ಇದೆ.
– ಫ್ರೇಜರ್ ಟೌನ್‌ನ ಓದುಗರು

ಉತ್ತರ: ಜಾಗ ಬರೆದಿಲ್ಲ ಎಂದುಕೊಳ್ಳಬೇಡಿ, ಹೆಸರುಗಳ ಕ್ರಮದಲ್ಲೇ ಅದಿದೆ. ಆಗಿನ ತಂಡಗಳು ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಲೆಕ್ಕದಲ್ಲಿ ಇಳಿಯುತ್ತಿದ್ದವು. ಪತ್ರಿಕೆಯವರು ಗೋಲ್‌ಕೀಪರ್‌ನಿಂದ ಶುರು ಮಾಡಿ, ಪ್ರತಿ ಸಾಲು ಮುಗಿದಾಗ ಅರ್ಧವಿರಾಮ ಹಾಕಿ, ಸಾಲಿನೊಳಗೆ ಬಲದಿಂದ ಎಡಕ್ಕೆ ಹೆಸರಿಸುತ್ತಿದ್ದರು. ಅಂದರೆ ಮೊದಲ ಹೆಸರು ಗೋಲ್‌ಕೀಪರ್. ಎರಡನೆಯವರು ರೈಟ್ ಬ್ಯಾಕ್, ಮೂರನೆಯವರು ಲೆಫ್ಟ್ ಬ್ಯಾಕ್. ನಾಲ್ಕು, ಐದು, ಆರು ಕ್ರಮವಾಗಿ ರೈಟ್ ಹಾಫ್, ಸೆಂಟರ್ ಹಾಫ್, ಲೆಫ್ಟ್ ಹಾಫ್. ಏಳು ಔಟ್‌ಸೈಡ್ ರೈಟ್, ಎಂಟು ಇನ್‌ಸೈಡ್ ರೈಟ್, ಒಂಬತ್ತು ಸೆಂಟರ್ ಫಾರ್ವರ್ಡ್, ಹತ್ತು ಇನ್‌ಸೈಡ್ ಲೆಫ್ಟ್, ಹನ್ನೊಂದು ಔಟ್‌ಸೈಡ್ ಲೆಫ್ಟ್. ನಿಮ್ಮ ತುಣುಕಿನಲ್ಲಿ ಅರ್ಧವಿರಾಮಗಳು ಒಂದು, ಮೂರು, ಆರನೇ ಹೆಸರಿನ ಬಳಿಕ ಬಂದಿದ್ದರೆ ಧೈರ್ಯವಾಗಿ ಜಾಗ ಗುರುತಿಸಿ. ಚಿಹ್ನೆಗಳು ಬೇರೆ ಕಡೆ ಬಿದ್ದಿದ್ದರೆ ಅಚ್ಚಿನ ತಪ್ಪೂ ಇರಬಹುದು, ಅದೇ ಕೂಟದ ಇನ್ನೊಂದು ಪಂದ್ಯದ ಪಟ್ಟಿಯ ಜೊತೆ ತಾಳೆ ನೋಡಿ.

ಎರಡನೇ ಅನುಮಾನಕ್ಕೆ: ಪಂದ್ಯದ ನಡುವೆ ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ವಿಶ್ವಕಪ್‌ನಲ್ಲೇ ಅದು ಬಂದದ್ದು 1970ರಲ್ಲಿ. ಹಾಗಾಗಿ ಪಂದ್ಯದ ಮರುದಿನದ ಪತ್ರಿಕೆಯಲ್ಲಿ ಹನ್ನೊಂದರ ಪಟ್ಟಿಯಲ್ಲಿ ಹೆಸರಿದ್ದರೆ ಅವರು ಆಡಿದ್ದಾರೆ, ಇಲ್ಲವಾದರೆ ಆ ದಿನ ಆಡಿಲ್ಲ. ಹಿಂದಿನ ದಿನದ್ದಾದರೆ ಅದು ಆಯ್ಕೆಯ ಪಟ್ಟಿ ಮಾತ್ರ. ರಿಸರ್ವ್ ಆಗಿ ಹೋದವರು ಸರ್ಟಿಫಿಕೇಟು, ಬ್ಲೇಜರ್ ಎರಡೂ ತಂದಿರಬಹುದು, ಪಂದ್ಯ ಆಡಿರಲಿಕ್ಕಿಲ್ಲ. ರಾಜ್ಯದ ತಂಡಕ್ಕೆ ಆಯ್ಕೆಯಾಗುವುದೇ ದೊಡ್ಡ ಗೌರವ. ಅದನ್ನು 'ಆಯ್ಕೆಯಾಗಿದ್ದರು' ಎಂದೇ ಬರೆಯಿರಿ. 'ಆಡಿದರು' ಎಂದು ಉಬ್ಬಿಸಿ ಬರೆದು ಆಮೇಲೆ ಯಾರಾದರೂ ಪಟ್ಟಿ ತೆಗೆದು ತೋರಿಸಿದರೆ, ಅವರ ನಿಜವಾದ ಸಾಧನೆಯನ್ನೂ ಜನ ನಂಬುವುದಿಲ್ಲ.

ಪ್ರಶ್ನೆ: ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ನಮ್ಮ ಮೈಸೂರು ರಾಜ್ಯದ ಆಟಗಾರರದು ಎನ್ನುತ್ತಾರೆ. ನಿಜವೇ? ಬರಿಗಾಲಲ್ಲಿ ಆಡಿದರು ಎನ್ನುವುದು ಕಟ್ಟುಕಥೆಯೇ?
– ಆಸ್ಟಿನ್ ಟೌನ್‌ನ ಓದುಗರು

ಉತ್ತರ: ಗೋಲಿನ ಮಾತು ಪೂರಾ ನಿಜ. ಹೊಡೆದವರು ಸಾರಂಗಪಾಣಿ ರಾಮನ್. 1948ರ ಜುಲೈ 31, ಶನಿವಾರ, ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಇಲ್‌ಫರ್ಡ್‌ನ ಮೈದಾನದಲ್ಲಿ. 30ನೇ ನಿಮಿಷದಲ್ಲಿ ಫ್ರಾನ್ಸ್ ಮುಂದಾಯಿತು, 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು, ಪಂದ್ಯ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಎರಡನೆಯದನ್ನು ಹೊಡೆದು 2–1ರಿಂದ ಗೆದ್ದಿತು. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಆ ಎರಡರಲ್ಲಿ ಒಂದು ಒಳಗೆ ಹೋಗಿದ್ದರೂ ರಾಮನ್ ಅವರ ಹೆಸರು ಇಂದು ಪಠ್ಯಪುಸ್ತಕದಲ್ಲಿ ಇರುತ್ತಿತ್ತೋ ಏನೋ. ಆ ತಂಡದಲ್ಲಿ ಮೈಸೂರಿನಿಂದ ರಾಮನ್ ಒಬ್ಬರೇ ಇರಲಿಲ್ಲ. ಗೋಲ್‌ಕೀಪರ್ ಕೆ.ವಿ. ವರದರಾಜ್, ಕೆ.ಪಿ. ಧನರಾಜ್, ಅಹ್ಮದ್ ಖಾನ್ ಕೂಡ ಇದ್ದರು. ಈ ಪೈಕಿ ಅಹ್ಮದ್ ಖಾನ್ ಮತ್ತು ಧನರಾಜ್ ಕಲ್ಕತ್ತೆಯ ಈಸ್ಟ್ ಬೆಂಗಾಲ್‌ಗೆ ಹೋಗಿ 'ಪಂಚ ಪಾಂಡವರು' ಎಂದು ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಸೇರಿದರು. ಆ ಕ್ಲಬ್ 1949ರಿಂದ 1951ರವರೆಗೆ ಸತತ ಮೂರು ವರ್ಷ ಕಲ್ಕತ್ತೆಯ ಹೆಸರಾಂತ ಕೂಟವಾದ ಐಎಫ್‌ಎ ಶೀಲ್ಡ್ ಗೆದ್ದಿತು. ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಕಲ್ಕತ್ತೆಯಲ್ಲಿ ಅವರಿಗೆ ಸಿಕ್ಕ ಪ್ರೀತಿಯಲ್ಲಿ ಕಾಲು ಭಾಗವೂ ಹುಟ್ಟಿದ ಊರಿನಲ್ಲಿ ಸಿಗಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬರಿಗಾಲಿನ ಮಾತೂ ಕಟ್ಟುಕಥೆಯಲ್ಲ. ಆ ತಂಡದ ಹೆಚ್ಚಿನವರು ಲಂಡನ್‌ನಲ್ಲಿ ಬೂಟಿಲ್ಲದೆ ಆಡಿದರು. ಪಾದಕ್ಕೂ ಕಣಕಾಲಿಗೂ ಹತ್ತಿಯ ಪಟ್ಟಿ ಸುತ್ತಿಕೊಂಡು, ಬೆರಳುಗಳನ್ನು ಮಾತ್ರ ಬಿಡುವಾಗಿ ಇಟ್ಟುಕೊಳ್ಳುತ್ತಿದ್ದರು. ಒಣಗಿದ, ಗಟ್ಟಿ ನೆಲದಲ್ಲಿ ಇದರಿಂದ ಲಾಭವೇ ಇತ್ತು. ಚೆಂಡು ಕಾಲಿಗೆ ಅಂಟಿದಂತೆ ಇರುತ್ತಿತ್ತು, ತಿರುಗುವಾಗ ಹಗುರ. ಮಳೆಯಾಯಿತೋ, ಕೆಟ್ಟಿತು. ಪಟ್ಟಿ ನೆಂದು ಸಡಿಲವಾಗುತ್ತದೆ, ಬರಿ ಬೆರಳಿಗೆ ಒದ್ದೆ ಹುಲ್ಲಿನಲ್ಲಿ ಹಿಡಿತ ಸಿಗುವುದಿಲ್ಲ, ನೀರು ಕುಡಿದ ಚರ್ಮದ ಚೆಂಡಂತೂ ಒದ್ದರೆ ಕಲ್ಲು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಸೋಲಿಸಿತು. ಭಾರತದ ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಆ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು.

ಪ್ರಶ್ನೆ: ತಾತನವರ ಕಾಲದ ಲೇಸ್ ಕಟ್ಟುವ ಚರ್ಮದ ಫುಟ್‌ಬಾಲ್ ಮನೆಯಲ್ಲಿದೆ. ಗಾಳಿ ಇಲ್ಲ, ಮುದುಡಿದೆ, ಮೇಲೆ ಬಿಳಿ ಪುಡಿಯಂತೆ ಏನೋ ಬಂದಿದೆ. ಎಣ್ಣೆ ಹಚ್ಚಿ ಗಾಳಿ ತುಂಬಿಸಬಹುದೇ? ಪ್ರದರ್ಶನಕ್ಕೆ ಇಡಬೇಕಿದೆ.
– ಮಲ್ಲೇಶ್ವರದ ಓದುಗರು

ಉತ್ತರ: ಎರಡನ್ನೂ ದಯವಿಟ್ಟು ಮಾಡಬೇಡಿ. ಕೊಬ್ಬರಿ ಎಣ್ಣೆಯಾಗಲಿ ಶೂ ಪಾಲಿಶ್ ಆಗಲಿ ಹಚ್ಚಿದರೆ ಚರ್ಮ ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಬೂಷ್ಟಿಗೆ ಮೇವು ಸಿಕ್ಕಂತಾಗುತ್ತದೆ. ಗಾಳಿ ತುಂಬಿದರೆ ಇನ್ನೂ ಅಪಾಯ. ಒಳಗಿನ ರಬ್ಬರ್ ಬ್ಲಾಡರ್ ಇಷ್ಟು ವರ್ಷಕ್ಕೆ ಒಂದೋ ಸೆಟೆದು ಒಡೆಯುವಂತಾಗಿರುತ್ತದೆ, ಇಲ್ಲವೇ ಕರಗಿ ಅಂಟಾಗಿರುತ್ತದೆ. ಅದು ತಡೆದುಕೊಂಡರೂ ಹೊಲಿಗೆಯ ದಾರ ತಡೆಯುವುದಿಲ್ಲ. ಒಂದು ಹೊಲಿಗೆ ಬಿಟ್ಟರೆ ಆ ಸಾಲು ಪೂರ್ತಿ ಬಿಟ್ಟುಕೊಳ್ಳುತ್ತದೆ.

ಬಿಳಿ ಪುಡಿ ಬಹುಶಃ ಬೂಷ್ಟು. ಮಳೆಗಾಲದಲ್ಲಿ ಬೆಂಗಳೂರಿನ ಮನೆಗಳ ಮರದ ಬೀರುಗಳಲ್ಲಿ ಇದು ಸಾಮಾನ್ಯ. ಚೆಂಡನ್ನು ಮನೆಯ ಹೊರಗೆ, ನೆರಳಿಗೆ ಒಯ್ಯಿರಿ. ಮಾಸ್ಕ್ ಹಾಕಿಕೊಂಡು ಒಣಗಿದ ಮೆತ್ತನೆ ಬ್ರಷ್‌ನಿಂದ ಒಂದೇ ದಿಕ್ಕಿಗೆ ಹಗುರವಾಗಿ ಒರೆಸಿ. ನೀರು, ಸ್ಪಿರಿಟ್, ಬಿಸಿಲು ಮೂರೂ ಬೇಡ. ಬ್ರಷ್‌ಗೆ ಕೆಂಪು ಪುಡಿ ಬಂದರೆ ತಕ್ಷಣ ನಿಲ್ಲಿಸಿ. ಅದು ಚರ್ಮವೇ ಪುಡಿಯಾಗುತ್ತಿರುವ ಲಕ್ಷಣ, ಉಜ್ಜಿದಷ್ಟೂ ಕಳೆದುಕೊಳ್ಳುತ್ತೀರಿ.

ಆಕಾರ ಬರಿಸಲು ಗಾಳಿಯ ಬದಲು ಬಟ್ಟೆ ಬಳಸಿ. ಲೇಸ್ ತಾನಾಗಿ ಸಡಿಲವಾಗಿದ್ದರೆ ಮಾತ್ರ ಬಿಚ್ಚಿ, ಗಟ್ಟಿಯಾಗಿದ್ದರೆ ಎಳೆಯಬೇಡಿ, ತುಂಡಾಗುತ್ತದೆ. ಬ್ಲಾಡರ್ ಚರ್ಮಕ್ಕೆ ಅಂಟಿದ್ದರೆ ಅದನ್ನು ಅಲ್ಲೇ ಬಿಡಿ. ಚೆನ್ನಾಗಿ ಒಗೆದು ಒಣಗಿಸಿದ, ಗಂಜಿ ಇಲ್ಲದ ಹಳೆಯ ಬಿಳಿ ಪಂಚೆಯನ್ನು ಅಂಗೈ ಅಗಲದ ತುಂಡು ಮಾಡಿ ಒಂದೊಂದಾಗಿ ಬಾಯಿಯೊಳಗೆ ತೂರಿಸಿ. ಮುಕ್ಕಾಲು ಭಾಗ ತುಂಬಿದರೆ ಸಾಕು. ಪೂರ್ತಿ ದುಂಡಗಾಗಲೇಬೇಕೆಂದು ಒತ್ತಿದರೆ ಬಾಯಿಯ ಬಳಿಯ ಹೊಲಿಗೆಯೇ ಮೊದಲು ಹೋಗುತ್ತದೆ. ಲೇಸ್ ಬಿಚ್ಚಲಾಗದಿದ್ದರೆ ಮುದುಡಿದ ಹಾಗೆಯೇ ಬಟ್ಟೆಯ ಸಿಂಬಿಯ ಮೇಲೆ ಕೂರಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ದೊಡ್ಡ ತಪ್ಪು, ತೇವ ಒಳಗೇ ಉಳಿದು ಬೂಷ್ಟು ಮರಳಿ ಬರುತ್ತದೆ. ರಟ್ಟಿನ ಪೆಟ್ಟಿಗೆ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ತೆರೆದು ನೋಡುವುದು – ಇಷ್ಟಿದ್ದರೆ ಚೆಂಡು ಉಳಿಯುತ್ತದೆ.

ಪ್ರಶ್ನೆ: ತಂಡದ ಫೋಟೊ ಒಂದಿದೆ, ಯಾವ ವರ್ಷದ್ದೆಂದು ತಿಳಿಯದು. ಆ ತಂಡದ ಒಬ್ಬ ಹಿರಿಯರು ಇನ್ನೂ ಇದ್ದಾರೆ, ತೊಂಬತ್ತು ದಾಟಿದೆ. ಅವರನ್ನು ಹೇಗೆ ಕೇಳುವುದು?
– ಹಲಸೂರಿನ ಓದುಗರು

ಉತ್ತರ: ಅವರ ಬಳಿ ಹೋಗುವ ಮೊದಲು ಫೋಟೊವನ್ನೇ ಕೇಳಿ. ಮುಂದಿನ ಸಾಲಿನ ನಡುವೆ ಕುಳಿತ ಕ್ಯಾಪ್ಟನ್ ಕಾಲ ಬಳಿಯ ಚೆಂಡನ್ನು ಭೂತಗನ್ನಡಿಯಲ್ಲಿ ನೋಡಿ. ಅದರ ಮೇಲೆ ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ವರ್ಷ ಬರೆಯುವ ರೂಢಿಯಿತ್ತು. ಕಪ್ಪು ಬಿಳುಪಿನ 32 ತುಂಡುಗಳ ಚೆಂಡಾಗಿದ್ದರೆ ಫೋಟೊ 1950ರ ದಶಕದ್ದಾಗಿರಲಾರದು. ಆ ಚೆಂಡು ಮನೆಮಾತಾದದ್ದು 1970ರ ವಿಶ್ವಕಪ್‌ನಿಂದ. ರಟ್ಟಿನ ಅಂಚಿನಲ್ಲಿ 'ಕುಳಿತವರು, ಎಡದಿಂದ ಬಲಕ್ಕೆ' ಎಂದು ಹೆಸರುಗಳಿದ್ದರೆ, ಫ್ರೇಮ್ ಹಾಕಿಸುವವರು ಅದನ್ನು ಕತ್ತರಿಸದಂತೆ ನೋಡಿಕೊಳ್ಳಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಲೇಬೇಡಿ.

ಹಿರಿಯರ ಬಳಿಗೆ ಎ3 ಅಳತೆಯ ಪ್ರಿಂಟ್ ಒಯ್ಯಿರಿ, ಮೊಬೈಲ್‌ನಲ್ಲಿ ತೋರಿಸಿದರೆ ಅವರಿಗೆ ಮುಖ ಕಾಣುವುದಿಲ್ಲ. ಬೆಳಗಿನ ಹೊತ್ತು, ಮುಕ್ಕಾಲು ಗಂಟೆ ಮೀರದಂತೆ ಮಾತಾಡಿಸಿ. 'ಸರ್, ಇದು 1955 ಅಲ್ಲವೇ?' ಎಂದು ಕೇಳಿದರೆ ಹೌದು ಎಂದುಬಿಡುತ್ತಾರೆ, ಆ ಉತ್ತರ ಅವರದಲ್ಲ, ನಿಮ್ಮದು. ಅದರ ಬದಲು 'ನಿಮ್ಮ ಎಡಕ್ಕೆ ಆಡುತ್ತಿದ್ದವರು ಯಾರು?', 'ಪ್ರಾಕ್ಟೀಸ್ ಯಾವ ಮೈದಾನದಲ್ಲಿ?', 'ಆಗ ನೀವು ಇಂಟರ್ ಓದುತ್ತಿದ್ದಿರೋ, ಬಿ.ಎಸ್ಸಿ.ಯೋ?' ಎಂದು ಕೇಳಿ. ಇಸವಿ ಮರೆಯುತ್ತದೆ, ಪಕ್ಕದಲ್ಲಿ ಆಡಿದವನು ಮರೆಯುವುದಿಲ್ಲ. ಯಾವ ತರಗತಿ ಎಂದು ಗೊತ್ತಾದರೆ ಕಾಲೇಜಿನ ಪ್ರವೇಶ ಪುಸ್ತಕದಿಂದ ವರ್ಷ ತಾನಾಗಿ ಹೊರಡುತ್ತದೆ. ಎರಡನೇ ಸಲ ಹೋದಾಗ ಮೊದಲ ಸಲದ ಉತ್ತರಗಳನ್ನು ಓದಿ ಹೇಳದೆ, ಅದೇ ಪ್ರಶ್ನೆಗಳನ್ನು ಬೇರೆ ಕ್ರಮದಲ್ಲಿ ಕೇಳಿ.

ಪ್ರಶ್ನೆ: 2023ರಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದದ್ದು ಮೊದಲ ಸಲವೋ, ಐದನೆಯದೋ?
– ವಿವೇಕನಗರದ ಓದುಗರು

ಉತ್ತರ: ಐದನೆಯದು. 1946-47, 1952-53, 1967-68, 1968-69ರ ನಾಲ್ಕು ಗೆಲುವುಗಳು ಮೈಸೂರು ಹೆಸರಿನಲ್ಲಿವೆ. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು. ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲನೆಯದು 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3–2. ಹಳೆಯ ಆಟಗಾರರ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕುವವರು 'ಕರ್ನಾಟಕ' ಎಂದು ಹಾಕಿ ಬರಿಗೈಲಿ ಬರುವುದು ಇದೇ ಕಾರಣಕ್ಕೆ. 'ಮೈಸೂರು' ಎಂದು ಹಾಕಿ ನೋಡಿ.