ಮನೆಯಲ್ಲೇ ಮಾಡಿದ ಬೂಸ್ಟ್ ಕನ್ವರ್ಟರ್: ಬರಿದೇ ಇದ್ದಾಗ 12 ವೋಲ್ಟ್, ರೂಟರ್ ಹಾಕಿದ ಕೂಡಲೇ 6 ವೋಲ್ಟ್ ಯಾಕೆ?

ನೀವು ಕೇಳಿರುವುದು ಇಷ್ಟು. ಹೊಸನಗರದ ಹತ್ತಿರದ ಹಳ್ಳಿ, ಮಳೆಗಾಲದಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ. ಅದಕ್ಕಾಗಿ ಬ್ಯಾಟರಿಯ ಕಡಿಮೆ ವೋಲ್ಟೇಜನ್ನು ರೂಟರಿಗೆ ಬೇಕಾದ 12ಕ್ಕೆ ಏರಿಸುವ ಬೂಸ್ಟ್ ಕನ್ವರ್ಟರ್ ಮಾಡಿದ್ದೀರಿ: ಎರಡು 18650 ಸೆಲ್ (3.7 ವೋಲ್ಟಿನ ಲಿಥಿಯಂ ಸೆಲ್) ಪ್ಯಾರಲಲ್ ಹಾಕಿ, ಆನ್ ಆಫ್ ತಾಳ ಹಾಕಲು 555 ಟೈಮರ್ ಐಸಿ, ಆ ತಾಳಕ್ಕೆ ಸ್ವಿಚ್ಚಿನಂತೆ ಕೆಲಸ ಮಾಡುವ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್, 1ಎನ್4007 ಡಯೋಡ್, ಕೆಟ್ಟ ಸಿಎಫ್‌ಎಲ್ ಬಲ್ಬಿನ ಪುಟ್ಟ ರಿಂಗಿಗೆ ಸುತ್ತಿದ ಕಾಯಿಲ್, ಫೀಡ್‌ಬ್ಯಾಕಿಗೆ (ಔಟ್‌ಪುಟ್ ವೋಲ್ಟೇಜ್ 12 ದಾಟದಂತೆ ನೋಡಿಕೊಳ್ಳಲು) ಒಂದು ಜೀನರ್ ಡಯೋಡ್ ಇಟ್ಟು ಬ್ರೆಡ್‌ಬೋರ್ಡ್ ಮೇಲೆ ಜೋಡಿಸಿದ್ದೀರಿ. ಬರಿದೇ ಇದ್ದಾಗ 12 ವೋಲ್ಟ್. ರೂಟರ್ ಸಿಕ್ಕಿಸಿದರೆ 6ಕ್ಕೆ ಇಳಿಯುತ್ತದೆ, ಮಾಸ್‌ಫೆಟ್ ಮುಟ್ಟಲಾಗದಷ್ಟು ಕಾಯುತ್ತದೆ, ರೂಟರಿನ ದೀಪಗಳು ಹತ್ತಿ ಆರಿ ಹತ್ತಿ ಆರುತ್ತಿರುತ್ತವೆ.

ಜೋಡಣೆಯಲ್ಲಿ ತಪ್ಪಿಲ್ಲ. ತಪ್ಪಿದ್ದರೆ ಆ 12 ವೋಲ್ಟೇ ಬರುತ್ತಿರಲಿಲ್ಲ. ಎಡವಟ್ಟಾಗಿರುವುದು ಇನ್‌ಪುಟ್ ಕಡೆಯ ಕರೆಂಟಿನಲ್ಲಿ. ಹೆಚ್ಚಿನವರು ಔಟ್‌ಪುಟ್ಟನ್ನೇ ಅಳೆಯುತ್ತ ಕೂರುತ್ತಾರೆ, ಹಾಗಾಗಿ ಇದು ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ನಿಮ್ಮ ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದೆ. ಪೂರ್ತಿ ಎಳೆದರೆ 12 ವ್ಯಾಟ್. ಕನ್ವರ್ಟರಿನ ದಕ್ಷತೆ ಶೇ. 80 ಎಂದಿಟ್ಟುಕೊಂಡರೆ ಬ್ಯಾಟರಿಯಿಂದ 15 ವ್ಯಾಟ್ ಬರಬೇಕು. 3.7 ವೋಲ್ಟಿನಲ್ಲಿ 15 ವ್ಯಾಟ್ ಎಂದರೆ 4 ಆಂಪಿಯರ್. ಬ್ರೆಡ್‌ಬೋರ್ಡಿನ ತೆಳು ಕ್ಲಿಪ್ಪು, ಕೂದಲೆಳೆಯಂಥ ಜಂಪರ್ ವೈರು, ಸೆಲ್ ಹೋಲ್ಡರಿನ ಸ್ಪ್ರಿಂಗು, ಎಲ್ಲ ಸೇರಿ 0.2 ಓಮ್ ಆದರೂ ಸಾಕು, 0.8 ವೋಲ್ಟ್ ದಾರಿಯಲ್ಲೇ ಹೋಯಿತು. ಬೋರ್ಡಿಗೆ ಸಿಗುವುದು 2.9 ವೋಲ್ಟ್.

ಅಲ್ಲಿಗೂ ನಿಲ್ಲುವುದಿಲ್ಲ. ಇನ್‌ಪುಟ್ ಇಳಿದಷ್ಟೂ ಅದೇ ವ್ಯಾಟ್ ಕೊಡಲು ಬೂಸ್ಟ್ ಕನ್ವರ್ಟರ್ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ವೈರಿನಲ್ಲಿ ಹೆಚ್ಚು ವೋಲ್ಟೇಜ್ ಕಳೆದುಹೋಗುತ್ತದೆ, ಇನ್‌ಪುಟ್ ಇನ್ನೂ ಇಳಿಯುತ್ತದೆ. ಒಂದು ಹಂತ ದಾಟಿದ ಮೇಲೆ ಸೀದಾ ಕುಸಿತ. ಆಗ ರೂಟರ್ ಆಫ್ ಆಗುತ್ತದೆ, ಲೋಡ್ ತಪ್ಪಿದ ಕೂಡಲೇ ವೋಲ್ಟೇಜ್ ಮತ್ತೆ 12ಕ್ಕೆ ಏರುತ್ತದೆ, ರೂಟರ್ ಮತ್ತೆ ಬೂಟ್ ಆಗಲು ಹೊರಡುತ್ತದೆ. ನೀವು ನೋಡುತ್ತಿರುವ ದೀಪದಾಟ ಇದೇ.

ಇದನ್ನು ಖಾತ್ರಿ ಮಾಡಿಕೊಳ್ಳಲು ಮಲ್ಟಿಮೀಟರ್ ಒಂದೇ ಸಾಕು. ರೂಟರ್ ಬದಿಗಿಡಿ. ಲೋಡಿಗೆ 22 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿ, 12 ವೋಲ್ಟಿನಲ್ಲಿ ಅದು ಅರ್ಧ ಆಂಪಿಯರಿಗಿಂತ ಚೂರು ಹೆಚ್ಚು ಎಳೆಯುತ್ತದೆ. ಬೈಕಿನ ಇಂಡಿಕೇಟರ್ ಬಲ್ಬ್ ಹಾಕಬೇಡಿ, ತಣ್ಣಗಿರುವಾಗ ಅದರ ಫಿಲಮೆಂಟ್ ತೀರಾ ಹೆಚ್ಚು ಕರೆಂಟ್ ಎಳೆದು ದಾರಿ ತಪ್ಪಿಸುತ್ತದೆ. ಈಗ ಕಪ್ಪು ಪ್ರೋಬನ್ನು ಮಾಸ್‌ಫೆಟ್ಟಿನ ಸೋರ್ಸ್ ಕಾಲಿಗೇ ಒತ್ತಿ, ಕೆಂಪು ಪ್ರೋಬನ್ನು ಕಾಯಿಲಿನ ಬ್ಯಾಟರಿ ಕಡೆಯ ತುದಿಗೆ. ಬಂದದ್ದನ್ನು ಬರೆದುಕೊಳ್ಳಿ. ಆಮೇಲೆ ಎರಡೂ ಪ್ರೋಬ್ ಸೆಲ್ಲಿನ ಮೈಮೇಲೇ ಇಟ್ಟು ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ವೈರು ನುಂಗುತ್ತಿರುವ ವೋಲ್ಟೇಜು. ಸೆಲ್ಲಿನ ಮೇಲೇ ಕಡಿಮೆ ಬಂದರೆ ಸೆಲ್ಲೇ ಮುದಿಯಾಗಿದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್ಲಾದರೆ ಹೀಗಾಗುವುದು ಮಾಮೂಲು.

ಮಾಸ್‌ಫೆಟ್ ಕಾಯುವುದಕ್ಕೆ ಮೂರು ಕಾರಣ ಒಟ್ಟಿಗೇ ಕೂತಿವೆ. ಮೊದಲನೆಯದು ಗೇಟ್, ಅಂದರೆ ಮಾಸ್‌ಫೆಟ್ಟನ್ನು ಆನ್ ಆಫ್ ಮಾಡುವ ಕಾಲು; ಅದಕ್ಕೆ ವೋಲ್ಟೇಜ್ ಕೊಡುವುದು 555ರ ಔಟ್‌ಪುಟ್. ಮಾಮೂಲಿ ಎನ್‌ಇ555ಗೆ ಕನಿಷ್ಠ 4.5 ವೋಲ್ಟ್ ಬೇಕು, ನೀವು ಅದಕ್ಕಿಂತ ಕೆಳಗೆ ಓಡಿಸುತ್ತಿದ್ದೀರಿ. ಅದರ ಔಟ್‌ಪುಟ್ ಸಪ್ಲೈಗಿಂತ ಒಂದೂವರೆ ವೋಲ್ಟಿನಷ್ಟು ಕಡಿಮೆಯೇ ಇರುತ್ತದೆ. ಐಆರ್‌ಎಫ್‌ಝಡ್44ಎನ್ ಆನ್ ಆಗಲು ಶುರುವಾಗುವುದೇ 2ರಿಂದ 4 ವೋಲ್ಟಿನ ನಡುವೆ, ಪೂರ್ತಿ ತೆರೆದುಕೊಳ್ಳಲು 10 ವೋಲ್ಟ್ ಬೇಕು. ಅರ್ಧಂಬರ್ಧ ಆನ್ ಆದ ಮಾಸ್‌ಫೆಟ್ ಕಾಯದೆ ಇನ್ನೇನು ಮಾಡೀತು? ಎರಡನೆಯದು ಡಯೋಡ್. 1ಎನ್4007 ಇರುವುದು 50 ಹರ್ಟ್ಸ್ ಮೇನ್ಸಿನ ಕೆಲಸಕ್ಕೆ. ನಿಮ್ಮ 50 ಕಿಲೋಹರ್ಟ್ಸಿನಲ್ಲಿ ಅದು ಬೇಗ ಮುಚ್ಚಿಕೊಳ್ಳುವುದಿಲ್ಲ, ಔಟ್‌ಪುಟ್ ಕೆಪಾಸಿಟರಿನ ಚಾರ್ಜು ಪ್ರತಿ ಸಲವೂ ಹಿಂದಕ್ಕೆ ಮಾಸ್‌ಫೆಟ್ಟಿಗೇ ಹರಿಯುತ್ತದೆ. 1ಎನ್5822 ಷಾಟ್ಕಿ ಹಾಕಿ, ಆ ಕಾಟ ಅಲ್ಲಿಗೆ ತೀರಿತು.

ಮೂರನೆಯದಾದ ಕಾಯಿಲೇ ಎಲ್ಲಕ್ಕಿಂತ ದೊಡ್ಡ ಕಳ್ಳ. ಸಿಎಫ್‌ಎಲ್ ಒಳಗಿನ ಆ ಪುಟ್ಟ ರಿಂಗ್ ಟ್ರಾನ್ಸಿಸ್ಟರುಗಳನ್ನು ಸರದಿಯಂತೆ ಆನ್ ಆಫ್ ಮಾಡುವ ಟ್ರಾನ್ಸ್‌ಫಾರ್ಮರಿನದು. ಬೇಗ ಸ್ಯಾಚುರೇಟ್ ಆಗಲಿ (ಕಾಂತಶಕ್ತಿ ಇನ್ನು ಹಿಡಿಯದಷ್ಟು ತುಂಬಲಿ) ಎಂದೇ ಅದನ್ನು ಮಾಡಿರುತ್ತಾರೆ. ಸ್ಯಾಚುರೇಟ್ ಆದ ಕಾಯಿಲ್ ಬರೀ ತಾಮ್ರದ ತಂತಿಗೆ ಸಮ, ಬ್ಯಾಟರಿ ನೇರ ಮಾಸ್‌ಫೆಟ್ ಮೂಲಕ ಶಾರ್ಟ್ ಆದ ಹಾಗೆ. ಹೀಗಾದಾಗ ಕಾಯಿಲ್ ತಣ್ಣಗೇ ಇದ್ದು ಮಾಸ್‌ಫೆಟ್ ಮಾತ್ರ ಸುಡುವುದೂ ಉಂಟು. ಪರೀಕ್ಷೆಗೆ 555ರ ಟೈಮಿಂಗ್ ಕೆಪಾಸಿಟರನ್ನು ಅರ್ಧ ಕೆಪಾಸಿಟೆನ್ಸಿನದಕ್ಕೆ ಬದಲಿಸಿ. ಫ್ರೀಕ್ವೆನ್ಸಿ ಇಮ್ಮಡಿಯಾದಾಗ ಬಿಸಿ ಕಡಿಮೆಯಾದರೆ ಸ್ಯಾಚುರೇಶನ್ ಎಂದೇ ತಿಳಿಯಿರಿ.

ಬದಲಿಗೆ ಕೆಟ್ಟ ಕಂಪ್ಯೂಟರ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಒಂದನ್ನು ಹುಡುಕಿ. ಶಿವಮೊಗ್ಗದಲ್ಲೋ ಸಾಗರದಲ್ಲೋ ಕಂಪ್ಯೂಟರ್ ರಿಪೇರಿ ಮಾಡುವವರನ್ನು ಕೇಳಿದರೆ ಮೂಲೆಯಲ್ಲಿ ಬಿದ್ದದ್ದು ಸಿಗುತ್ತದೆ. ಬಿಚ್ಚುವ ಮೊದಲು ಅದರ ದೊಡ್ಡ ಕೆಪಾಸಿಟರ್‌ಗಳು ಖಾಲಿಯಾಗಿವೆಯೇ ಎಂದು ಅಳೆದು ನೋಡಿ, 300 ವೋಲ್ಟಿನ ಹೊಡೆತ ಸಣ್ಣದಲ್ಲ. ಔಟ್‌ಪುಟ್ ಕಡೆ ಹಳದಿ ಮೈಗೆ ಒಂದು ಪಕ್ಕ ಬಿಳಿ ಬಣ್ಣದ ದಪ್ಪ ರಿಂಗ್ ಇರುತ್ತದೆ. ಅದು ಕಬ್ಬಿಣದ ಪುಡಿಯಿಂದ ಮಾಡಿದ್ದು, ಡಿಸಿ ಕರೆಂಟನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಹಳೆಯ ಸುತ್ತು ತೆಗೆದು ಸುಮಾರು 0.8 ಮಿಲಿಮೀಟರಿನ ಎನಾಮಲ್ ತಂತಿ 25 ಸುತ್ತು ಹಾಕಿದರೆ 50 ಮೈಕ್ರೊಹೆನ್ರಿ ಆಸುಪಾಸು ಬರುತ್ತದೆ, ನಿಮಗೆ ಅಷ್ಟು ಸಾಕು.

ಇಷ್ಟೆಲ್ಲ ಸರಿಮಾಡಿದರೂ ಒಂದು ಸೆಲ್ಲಿನ ವೋಲ್ಟೇಜಿನಿಂದ 12ಕ್ಕೆ ಏರಿಸುವ ಹಟ ಬೇಡ ಎಂಬುದೇ ನನ್ನ ಅಭಿಪ್ರಾಯ. ಅದೇ ಎರಡು ಸೆಲ್ಲನ್ನು ಸೀರೀಸ್ ಮಾಡಿ. 7.4 ವೋಲ್ಟಿನಲ್ಲಿ ಅದೇ 15 ವ್ಯಾಟಿಗೆ 2 ಆಂಪಿಯರ್ ಸಾಕು. ಕರೆಂಟ್ ಅರ್ಧವಾದರೆ ವೈರಿನಲ್ಲಿ ಆಗುವ ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ. 555 ನೆಮ್ಮದಿಯಾಗಿ ಓಡುತ್ತದೆ, ಗೇಟಿಗೂ 6 ವೋಲ್ಟಿನಷ್ಟು ಸಿಗುತ್ತದೆ. ಜತೆಗೆ ಕಡಿಮೆ ಗೇಟ್ ವೋಲ್ಟೇಜಿಗೇ ಪೂರ್ತಿ ತೆರೆದುಕೊಳ್ಳುವ ಐಆರ್‌ಎಲ್‌ಝಡ್44ಎನ್ ಹಾಕಿದರೆ ಗೇಟಿನ ಚಿಂತೆಯೇ ಇಲ್ಲ. ಆದರೆ ಸೀರೀಸ್ ಮಾಡಿದ ಮೇಲೆ ಈಗಿನ ಟಿಪಿ4056 ಚಾರ್ಜರ್ ಬೋರ್ಡನ್ನು ಖಂಡಿತ ಹಾಕಬೇಡಿ, ಅದು ಒಂದೇ ಸೆಲ್ಲಿನ ವೋಲ್ಟೇಜಿಗೆ ಇರುವುದು. ಎರಡು ಸೆಲ್ಲಿನ ಬ್ಯಾಲೆನ್ಸಿಂಗ್ ಇರುವ ಬಿಎಂಎಸ್ (ಸೆಲ್ಲುಗಳನ್ನು ರಕ್ಷಿಸುವ ಬೋರ್ಡ್) ಮತ್ತು 8.4 ವೋಲ್ಟಿನ ಲಿಥಿಯಂ ಚಾರ್ಜರ್ ಬೇಕು, ಎರಡೂ ಸೆಲ್ ಒಂದೇ ಜಾತಿಯವು, ಒಂದೇ ವಯಸ್ಸಿನವು ಆಗಿರಬೇಕು. ಬ್ಯಾಟರಿ ಪ್ಲಸ್ಸಿಗೆ 5 ಆಂಪಿಯರ್ ಫ್ಯೂಸ್ ಹಾಕದೆ ಕನೆಕ್ಷನ್ ಕೊಡಬೇಡಿ. ಬೂಸ್ಟ್ ಸರ್ಕ್ಯೂಟಿನಲ್ಲಿ ಔಟ್‌ಪುಟ್ ಶಾರ್ಟ್ ಆದರೆ ತಡೆಯುವವರೇ ಇಲ್ಲ, ಬ್ಯಾಟರಿಯಿಂದ ಕಾಯಿಲ್, ಡಯೋಡ್ ದಾಟಿ ಕರೆಂಟ್ ನೇರ ಹೋಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಬ್ರೆಡ್‌ಬೋರ್ಡ್ ಬಿಟ್ಟು ಪಿಸಿಬಿಗೆ ಸೋಲ್ಡರ್ ಮಾಡಿ, ಫೀಡ್‌ಬ್ಯಾಕ್ ವೈರನ್ನಂತೂ ಮೊದಲು. ಅದು ಕಳಚಿಕೊಂಡರೆ ಔಟ್‌ಪುಟ್ಟಿಗೆ ಅಂಕೆಯೇ ಇರುವುದಿಲ್ಲ, ರೂಟರ್ ಹೋಗುತ್ತದೆ, ಕೆಪಾಸಿಟರ್ ಸಿಡಿಯುತ್ತದೆ. ಸೋಲ್ಡರ್ ಆದ ಬಳಿಕ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಿರಿ. ನಮ್ಮ ಕಡೆಯ ಆಷಾಢದ ತೇವಕ್ಕೆ ಉಳಿದ ಫ್ಲಕ್ಸ್ ಪಸೆ ಹಿಡಿದು ಫೀಡ್‌ಬ್ಯಾಕ್ ಕಾಲುಗಳ ನಡುವೆ ಕರೆಂಟ್ ಸೋರುತ್ತದೆ, ಬೇಸಿಗೆಯಲ್ಲಿ ಸರಿಯಿದ್ದ ವೋಲ್ಟೇಜ್ ಜುಲೈನಲ್ಲಿ ಬೇರೆಯೇ ಆಗಿರುತ್ತದೆ.

ಏನೇ ಬದಲಿಸುವ ಮೊದಲು ಮೇಲೆ ಹೇಳಿದ ಎರಡು ಅಳತೆ ತೆಗೆದು ಇಲ್ಲಿ ಹಾಕಿ, ವೈರು, ಸೆಲ್ಲು ಎರಡರಲ್ಲಿ ಯಾವುದು ಎಂದು ಆಗಲೇ ಹೇಳಬಹುದು.