ಕೊನೆಯ ಚೌಕದಲ್ಲಿ ಏನಿತ್ತು, ಅದನ್ನು ಮೊದಲು ಹೇಳಿ

ನಮಸ್ಕಾರ.

‘ಡಿಕ್ ಟ್ರೇಸಿ ಮತ್ತು ಹುಚ್ಚೆದ್ದ ಓದುಗರು’ ಲೇಖನ ತಲುಪಿದೆ. ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವ ಮನಸ್ಸೂ ಇಲ್ಲ. ಅದಕ್ಕೇ ಈ ಉದ್ದನೆಯ ಪತ್ರ.

ವಿಷಯ ಒಳ್ಳೆಯದೇ. ಡಿಕ್ ಟ್ರೇಸಿ ಎಂದರೆ 1931ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದ ಪತ್ತೇದಾರಿ ಕಾಮಿಕ್ಸ್, ಅದರ ನಾಯಕನ ಹೆಸರೂ ಅದೇ. ಬರೆದು ಚಿತ್ರಿಸಿದವರು ಚೆಸ್ಟರ್ ಗೌಲ್ಡ್. ವಾರದ ದಿನಗಳಲ್ಲಿ ಒಂದು ಸಾಲು, ಅದರಲ್ಲಿ ಮೂರ್ನಾಲ್ಕು ಚೌಕ. ಭಾನುವಾರ ಬಣ್ಣದ ಪುಟ. ಒಂದೊಂದು ಕಂತಿಗೂ ಓದುಗರು ಹೇಗೆ ಒದ್ದಾಡಿದರು ಎಂದು ಹೇಳುವುದು ನಿಮ್ಮ ಉದ್ದೇಶ.

ಪೆನ್ಸಿಲ್ ಹಿಡಿದು ಕೂತಾಗ ಸುಮ್ನೆ ಎಣಿಸಿದೆ. ‘ತುದಿಗಾಲಲ್ಲಿ ನಿಂತಿದ್ದರು’ ನಾಲ್ಕು ಸಲ. ‘ಉಸಿರು ಬಿಗಿಹಿಡಿದು’ ಮೂರು ಸಲ. ‘ರೋಚಕ’ ಹನ್ನೊಂದು ಸಲ. ಆದರೆ ಓದುಗ ಯಾಕೆ ತುದಿಗಾಲಲ್ಲಿ ನಿಂತ? ಹಿಂದಿನ ದಿನದ ಕೊನೆಯ ಚೌಕದಲ್ಲಿ ಅವನು ನೋಡಿದ್ದೇನು? ಎಂಟು ಪುಟದಲ್ಲಿ ಒಂದು ಕಡೆಯೂ ಇಲ್ಲ. ಎಲೆ ಹಾಕಿ, ಏನೂ ಬಡಿಸದೆ, ‘ಸಾರು ಹೇಗಿದೆ’ ಎಂದು ಕೇಳಿದ ಹಾಗಿದೆ.

ಒಂದು ಜಾಗ ತೋರಿಸುತ್ತೇನೆ. ಮೂರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ಮಿಸೆಸ್ ಪ್ರೂನ್‌ಫೇಸ್ ಒಡ್ಡಿದ ಭಯಾನಕ ಬಲೆಯಿಂದ ಟ್ರೇಸಿ ಪಾರಾದಾಗ ಅಭಿಮಾನಿಗಳು ನಿಟ್ಟುಸಿರು ಬಿಟ್ಟರು.’ ಅಷ್ಟೇ. ಮುಂದಿನ ವಾಕ್ಯಕ್ಕೆ ಬೇರೆ ಖಳನ ಹತ್ತಿರ ಹೋಗಿಬಿಟ್ಟಿರಿ. ಅಯ್ಯೋ, ಆ ಬಲೆಯನ್ನು ಹೀಗೆ ದಾಟಿಕೊಂಡು ಹೋಗಬಹುದೇ?

1943ರ ಕಥೆ ಅದು. ಗಂಡ ಸತ್ತದ್ದಕ್ಕೆ ಸೇಡು ತೀರಿಸಿಕೊಳ್ಳಲು ಬಂದ ದೈತ್ಯ ಹೆಂಗಸು. ಟ್ರೇಸಿಯನ್ನು ನೆಲದ ಮೇಲೆ ಅಂಗಾತ ಮಲಗಿಸಿ ಅಲ್ಲಾಡದಂತೆ ಕಟ್ಟುತ್ತಾಳೆ. ಅವನ ಎರಡೂ ಪಕ್ಕಕ್ಕೆ ದೊಡ್ಡ ಐಸ್ ಗಡ್ಡೆ. ಗಡ್ಡೆಗಳ ಮೇಲೆ ಅಡ್ಡಹಲಗೆ. ಹಲಗೆಯ ಮೇಲೆ ಫ್ರಿಜ್. ಹಲಗೆಯ ಅಡಿಯಿಂದ ಒಂದು ಚೂಪು ಮೊಳೆ ಇಳಿದಿದೆ, ನೇರ ಎದೆಯ ಕಡೆಗೆ. ಕೋಣೆ ಬೆಚ್ಚಗಿದೆ. ಐಸ್ ಕರಗಿದಷ್ಟೂ ಫ್ರಿಜ್ಜಿನ ಭಾರಕ್ಕೆ ಮೊಳೆ ಕೆಳಗಿಳಿಯುತ್ತದೆ.

ಈಗ ಓದುಗನ ಜಾಗದಲ್ಲಿ ಕೂತು ನೋಡಿ. ನಾಯಕನ ಹಣೆಗೆ ಪಿಸ್ತೂಲು ಇಟ್ಟ ಚಿತ್ರ ನೋಡಿ ಪತ್ರಿಕೆ ಮಡಚಿಟ್ಟರೆ ಆ ಪಿಸ್ತೂಲು ಅಲ್ಲೇ ನಿಂತಿರುತ್ತದೆ. ನಾಳೆಯವರೆಗೂ ಗುಂಡು ಹಾರುವುದಿಲ್ಲ, ಓದುಗನಿಗೂ ಅದು ಗೊತ್ತು. ಐಸ್ ಹಾಗಲ್ಲ. ಪತ್ರಿಕೆ ಮಡಚಿದ ಮೇಲೂ ಅದು ತಲೆಯೊಳಗೆ ಕರಗುತ್ತಲೇ ಇರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಇಷ್ಟು, ರಾತ್ರಿ ಮಲಗುವ ಹೊತ್ತಿಗೆ ಇಷ್ಟು. ಆ ಕಾಲಕ್ಕೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಇನ್ನೂ ಐಸ್ ಗಡ್ಡೆ ಹಾಕುವ ಪೆಟ್ಟಿಗೆಯೇ ಇತ್ತು. ಗಡ್ಡೆ ಎಷ್ಟು ಬೇಗ ಕರಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೌಲ್ಡ್ ಓದುಗನ ಅಡುಗೆಮನೆಯಿಂದಲೇ ಗಡಿಯಾರ ತಂದು ಕಥೆಯಲ್ಲಿಟ್ಟಿದ್ದರು.

ಪಾರಾದದ್ದು ಹೇಗೆ ಎಂಬುದನ್ನೂ ನೀವು ಬಿಟ್ಟಿದ್ದೀರಿ. ಹಳೆಯ ಮನೆ, ಉಬ್ಬಿದ ಮರದ ನೆಲ. ಟ್ರೇಸಿ ಕಟ್ಟಿದ ಮೈಯನ್ನೇ ಎತ್ತಿ ಎತ್ತಿ ಕುಕ್ಕಿ ನೆಲ ಅದುರುವಂತೆ ಮಾಡುತ್ತಾನೆ. ಐಸ್ ಗಡ್ಡೆಗಳು ಜಾರುತ್ತವೆ, ಮೊಳೆ ಗುರಿ ತಪ್ಪುತ್ತದೆ. ನೆಲವೂ ಐಸೂ ಮೊದಲಿನಿಂದ ಓದುಗನ ಕಣ್ಣೆದುರೇ ಇದ್ದವು. ಬಾಗಿಲು ಒಡೆದು ಪೊಲೀಸರು ಬರಲಿಲ್ಲ. ನಿಮ್ಮ ಓದುಗರು ನಿಟ್ಟುಸಿರು ಬಿಟ್ಟಿದ್ದು ಈ ಕಾರಣಕ್ಕೆ. ಇಷ್ಟನ್ನು ತೋರಿಸಿದರೆ ‘ನಿಟ್ಟುಸಿರು’ ಎಂಬ ಪದವನ್ನೇ ತೆಗೆದುಹಾಕಬಹುದು. ಓದಿದವರು ತಾವೇ ಬಿಡುತ್ತಾರೆ.

ಇನ್ನು ಐದನೇ ಪುಟ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಟ್ರೇಸಿ ಆಳದ ಗುಂಡಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಮೇಲಿಂದ ಬಂಡೆ ಬರುತ್ತಿದೆ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಆಗ ಅವನು ತಲೆಯೆತ್ತಿ, ಗೌಲ್ಡ್, ಈ ಸಲ ನಿಮ್ಮದು ಅತಿಯಾಯ್ತು ಎನ್ನುತ್ತಾನೆ. ಚಿತ್ರಗಾರನ ಕೈ ಚೌಕದೊಳಗೆ ಬಂದು ಬಂಡೆಯನ್ನು ರಬ್ಬರಿನಿಂದ ಅಳಿಸುತ್ತದೆ. ಇದನ್ನು ‘ಅದ್ಭುತ ಕಲ್ಪನೆ’ ಎಂದು ಹೊಗಳಿ, ‘ಈ ಕಂತು ಬಂದ ದಿನ ಓದುಗರು ಕುಣಿದಾಡಿದರು’ ಎಂದು ಬರೆದಿದ್ದೀರಿ.

ಆ ಕಂತು ಬರಲೇ ಇಲ್ಲ. ಪ್ರಕಾಶಕ ಜೋಸೆಫ್ ಪ್ಯಾಟರ್ಸನ್ ಅದನ್ನು ತಡೆದು, ಬೇರೆ ಬರೆಯಿರಿ ಎಂದರು. ಗೌಲ್ಡ್ ಬೇರೆ ಬರೆದರು. ಅಚ್ಚೇ ಆಗದ ಕಂತಿಗೆ ಯಾರು ಕುಣಿದಾಡಿದರು ಸ್ವಾಮಿ? ಎಲ್ಲೋ ಅರ್ಧ ಓದಿ ಉಳಿದರ್ಧವನ್ನು ನೀವೇ ತುಂಬಿದ್ದೀರಿ. ನಾನು ಹೆಚ್ಚು ಬೇಸರಪಟ್ಟಿದ್ದು ಇಲ್ಲೇ. ಅಭಿಮಾನಿಗಳ ಪ್ರತಿಕ್ರಿಯೆಯನ್ನು ಹೀಗೆ ಊಹಿಸಿ ಬರೆಯುವುದು ಬಹಳ ಸುಲಭ. ಇಲ್ಲಿ ಸಿಕ್ಕಿಬಿದ್ದ ಮೇಲೆ ಉಳಿದ ಏಳು ಪುಟಗಳನ್ನೂ ನಾನು ಅನುಮಾನದಿಂದಲೇ ಓದಿದೆ.

ವಿಚಿತ್ರ ಏನೆಂದರೆ, ನಿಜ ಸಂಗತಿ ನಿಮ್ಮ ಊಹೆಗಿಂತ ಚೆನ್ನಾಗಿದೆ. ಆ ಕಂತಿಗೆ ಪ್ಯಾಟರ್ಸನ್ ಒಬ್ಬ ಓದುಗನಂತೆಯೇ ಸಿಟ್ಟಾದರು ಅಂತ ನನಗನ್ನಿಸುತ್ತದೆ. ಗೌಲ್ಡ್ ಕಥೆಯ ಕೊನೆ ಗೊತ್ತುಮಾಡಿಕೊಂಡು ಕೂರುವವರಲ್ಲ. ನಾಯಕನನ್ನು ಗುಂಡಿಗೆ ತಳ್ಳಿ, ಆಮೇಲೆ ಎತ್ತುವುದು ಹೇಗೆಂದು ಯೋಚಿಸುವವರು. ತನಗೇ ಗೊತ್ತಿಲ್ಲದಿದ್ದರೆ ಓದುಗನಿಗೆ ಹೇಗೆ ಗೊತ್ತಾಗುತ್ತದೆ ಎಂಬ ಧೈರ್ಯ. ಆ ಧೈರ್ಯ ಒಂದು ದಿನ ಕೈಕೊಟ್ಟಿತು. ಐಸಿನ ಬಲೆಯನ್ನೂ ಈ ರಬ್ಬರನ್ನೂ ಅಕ್ಕಪಕ್ಕ ಇಡಿ. ಓದುಗ ಏನನ್ನು ಒಪ್ಪುತ್ತಾನೆ, ಏನನ್ನು ಮೋಸ ಎನ್ನುತ್ತಾನೆ ಎಂಬುದು ಅಲ್ಲಿ ತಾನಾಗಿ ಕಾಣುತ್ತದೆ. ನಿಮ್ಮ ಲೇಖನದ ನಡುಮನೆ ಅದು. ನೀವು ಜಗಲಿಯಿಂದಲೇ ವಾಪಸ್ ಬಂದಿದ್ದೀರಿ.

ಖಳ ಫ್ಲ್ಯಾಟ್‌ಟಾಪ್‌ನ ಭಾಗ ತಕ್ಕಮಟ್ಟಿಗೆ ಇದೆ. ‘ಅವನ ಸಾವಿನಿಂದ ಅಭಿಮಾನಿಗಳು ಶೋಕಸಾಗರದಲ್ಲಿ ಮುಳುಗಿದರು’ ಎಂಬ ಸಾಲನ್ನು ಮಾತ್ರ ಹೊಡೆದುಹಾಕಿದ್ದೇನೆ. ಪೊಲೀಸರಿಂದ ತಪ್ಪಿಸಿಕೊಳ್ಳಲು ನೀರಿಗಿಳಿದು, ಕೊಲಂಬಸ್‌ನ ಸಾಂತಾ ಮಾರಿಯಾ ಹಡಗಿನ ಮಾದರಿಯ ಅಡಿಯಲ್ಲಿ ಸಿಕ್ಕಿಕೊಂಡು, ಉಸಿರುಗಟ್ಟಿ ಸತ್ತವನು ಅವನು. ಮುಳುಗಿದವನು ಅವನೊಬ್ಬನೇ ಸಾಕು, ಓದುಗರನ್ನು ದಡದಲ್ಲೇ ನಿಲ್ಲಿಸಿ.

ಆಮೇಲೆ ಅವರು ಏನು ಮಾಡಿದರು ಎಂದು ಹೇಳಿ. ಪತ್ರ, ತಂತಿ, ಹೂವು ಬಂದವು, ಶವವನ್ನು ನಮಗೆ ಕೊಡಿ ಎಂದವರೂ ಇದ್ದರು ಎಂಬ ಮಾತಿದೆ. ಇದನ್ನು ನೀವು ‘ವಿಪರೀತ ಅಭಿಮಾನ’ ಎಂಬ ಎರಡು ಪದದಲ್ಲಿ ಮುಗಿಸಿದ್ದೀರಿ. ನನಗೆ ಅನ್ನಿಸುವುದು ಬೇರೆ. ಇವನು ಕೂಲಿ ಕೊಲೆಗಾರ. ಟ್ರೇಸಿಯನ್ನು ಮುಗಿಸಲು 5,000 ಡಾಲರ್‌ಗೆ ಬಂದವನು, ಆಸಾಮಿ ಕೈಗೆ ಸಿಕ್ಕ ಮೇಲೆ ಇನ್ನೂ 50,000 ಕೊಡಿ ಎಂದು ಪಟ್ಟು ಹಿಡಿದವನು. ಚಪ್ಪಟೆ ತಲೆ, ಅರೆಮುಚ್ಚಿದ ಕಣ್ಣು, ದಪ್ಪ ತುಟಿ. 1943ರ ಡಿಸೆಂಬರ್‌ನಿಂದ 1944ರ ಮೇವರೆಗೆ ಈ ಮುಖ ಬೆಳಗಿನ ಕಾಫಿಯ ಜೊತೆ ಮನೆಗೆ ಬಂತು. ಐದು ತಿಂಗಳು. ನಮ್ಮ ಎಷ್ಟೋ ನೆಂಟರ ಮುಖವನ್ನು ನಾವು ಅಷ್ಟು ದಿನ ಒಂದೇ ಸಮನೆ ನೋಡಿರುವುದಿಲ್ಲ. ಒಂದು ದಿನ ಆ ಮುಖ ಬರುವುದು ನಿಂತಿತು. ಒಳ್ಳೆಯವನೋ ಕೆಟ್ಟವನೋ, ಅಭ್ಯಾಸವಾದವನು. ಹೂವು ಕಳಿಸಿದವರನ್ನು ಹುಚ್ಚರು ಎನ್ನುವ ಮೊದಲು ಈ ಲೆಕ್ಕವನ್ನು ಓದುಗರ ಮುಂದಿಡಿ.

ಸಣ್ಣ ತಪ್ಪುಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಫ್ಲ್ಯಾಟ್‌ಟಾಪ್ ಸಿಕ್ಕಿಬಿದ್ದದ್ದು ಟ್ರೇಸಿಯ ಕೈಗಡಿಯಾರದ ರೇಡಿಯೊದಿಂದ ಎಂದಿದ್ದೀರಿ. ಆ ರೇಡಿಯೊ ಕಥೆಗೆ ಬಂದದ್ದೇ 1946ರ ಜನವರಿಯಲ್ಲಿ. ಅಷ್ಟರಲ್ಲಿ ಅವನು ಸತ್ತು ಒಂದೂವರೆ ವರ್ಷ ದಾಟಿತ್ತು. ಟೆಸ್ ಟ್ರೂಹಾರ್ಟ್‌ಳನ್ನು 1943ರಲ್ಲೇ ‘ಟ್ರೇಸಿಯ ಪತ್ನಿ’ ಎಂದಿದ್ದೀರಿ. ಮದುವೆ ಆಗಿದ್ದು 1949ರ ಕ್ರಿಸ್‌ಮಸ್ ಮುನ್ನಾದಿನ. ಓದುಗರು ಹದಿನೆಂಟು ವರ್ಷ ಕಾದ ಮದುವೆಯನ್ನು ಹೀಗೆ ಸದ್ದಿಲ್ಲದೆ ಮುಗಿಸಿಬಿಟ್ಟರೆ ಹೇಗೆ? ಇನ್ನೊಂದು: ‘ಓದುಗರ ಪತ್ರ ನೋಡಿ ಗೌಲ್ಡ್ ಮರುದಿನವೇ ಕಥೆ ತಿರುಗಿಸುತ್ತಿದ್ದರು.’ ಸಾಧ್ಯವಿಲ್ಲ. ಇಂಥ ಕಂತುಗಳನ್ನು ವಾರಗಟ್ಟಲೆ ಮೊದಲೇ ಬರೆದು ಕಳಿಸಿರುತ್ತಾರೆ, ದೇಶದ ಬೇರೆ ಬೇರೆ ಪತ್ರಿಕೆಗಳಿಗೆ ಹೋಗಬೇಕಲ್ಲ. ಓದುಗ ಇವತ್ತು ಬೈದು ಪತ್ರ ಬರೆಯುವ ಹೊತ್ತಿಗೆ ನಾಯಕ ಆಗಲೇ ಗೌಲ್ಡ್ ಮೇಜಿನ ಮೇಲೆ ಬಚಾವಾಗಿ ಮುಂದಿನ ಕೇಸಿನಲ್ಲಿ ಇರುತ್ತಾನೆ.

‘ಕನ್ನಡ ನಾಡಿನಲ್ಲೂ ಟ್ರೇಸಿ ಮನೆಮಾತಾಗಿದ್ದ’ ಎಂಬುದನ್ನೂ ತೆಗೆಯಿರಿ. ಯಾರ ಮನೆಯಲ್ಲಿ? ನಮ್ಮ ಮನೆಗಳಿಗೆ ಬಂದವರು ಫ್ಯಾಂಟಮ್, ಮಾಂಡ್ರೇಕ್. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಪತ್ತೇದಾರ ಬೇಕೆಂದರೆ ಅದರಲ್ಲಿ ರಿಪ್ ಕಿರ್ಬಿ ಇದ್ದ. ಆದರೆ ಅದು ಪುಸ್ತಕ. ಮರದ ಕೆಳಗೆ ಕೂತು ಒಂದೇ ಗುಕ್ಕಿಗೆ ಮುಗಿಸಿ, ಪಕ್ಕದ ಮನೆಯವನಿಗೆ ಕೊಟ್ಟು ಅವನದ್ದನ್ನು ತರಬಹುದಿತ್ತು. ‘ನಾಳೆ’ಗಾಗಿ ಕಾಯುವ ಸಂಕಟ ಅಲ್ಲಿ ಕಡಿಮೆ. ಅದನ್ನೂ ಇದನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ನಿಮ್ಮ ಅಜ್ಜಿಯ ಪ್ಯಾರಾ ಇದೆಯಲ್ಲ, ವಾರಪತ್ರಿಕೆಯ ಧಾರಾವಾಹಿ ಓದಿ ಅತ್ತೆ ಪಾತ್ರಕ್ಕೆ ಒಂದು ವಾರ ಬೈದುಕೊಂಡೇ ಮುದ್ದೆ ತಿರುವುತ್ತಿದ್ದದ್ದು. ಬಹಳ ಚೆನ್ನಾಗಿದೆ. ಅದೂ ಇಲ್ಲಿಗೆ ಬೇಡ. ಸಿಟ್ಟಾಗಬೇಡಿ. ಇಲ್ಲಿ ಅದು ಅತಿಥಿಯ ಹಾಗೆ ಬಾಗಿಲಲ್ಲೇ ನಿಂತಿದೆ. ಅಜ್ಜಿಯ ಬಗ್ಗೆ ಬೇರೆಯೇ ಬರೆದು ಕಳಿಸಿ, ಅದನ್ನು ನಾನು ಖಂಡಿತ ಓದುತ್ತೇನೆ.

ಹಾಗಾದರೆ ಲೇಖನ ಎಲ್ಲಿಂದ ಶುರುವಾಗಬೇಕು? ಏಳನೇ ಪುಟದ ಕೆಳಗೆ, ಆವರಣ ಚಿಹ್ನೆಯೊಳಗೆ, ‘ಮೇಯರ್ ಕೂಡ ರೇಡಿಯೊದಲ್ಲಿ ಓದಿದ್ದರಂತೆ’ ಎಂದು ತುರುಕಿದ್ದೀರಲ್ಲ, ಅಲ್ಲಿಂದ. 1945ರ ಜೂನ್ ಕೊನೆಗೆ ನ್ಯೂಯಾರ್ಕಿನಲ್ಲಿ ಪತ್ರಿಕೆ ಸಾಗಿಸುವವರು ಮುಷ್ಕರ ಹೂಡಿದರು. ಹದಿನೇಳು ದಿನ ಮನೆಗಳಿಗೆ ಪತ್ರಿಕೆ ಇಲ್ಲ. ಜಪಾನಿನ ಜೊತೆ ಯುದ್ಧ ಇನ್ನೂ ಮುಗಿದಿಲ್ಲ. ಪ್ರತಿ ಬೇಕಾದವರು ಪತ್ರಿಕಾ ಕಚೇರಿಗಳ ಮುಂದೆ ಸಾಲು ನಿಂತರು. ಮೇಯರ್ ಫಿಯೊರೆಲ್ಲೊ ಲಗಾರ್ಡಿಯಾ ಅವರು ಭಾನುವಾರ ನಗರದ ಡಬ್ಲ್ಯುಎನ್‌ವೈಸಿ ರೇಡಿಯೊ ಕೇಂದ್ರದಲ್ಲಿ ಮೈಕಿನ ಮುಂದೆ ಕೂತು, ಮಕ್ಕಳಿಗೆಂದು ಡಿಕ್ ಟ್ರೇಸಿ ಓದಿದರು. ದನಿ ಏರಿಸಿ ಇಳಿಸಿ, ಪಾತ್ರವಾಗಿಯೇ ಓದಿದರು. ಕೊನೆಗೆ, ಪಾಪದ ದುಡ್ಡು ಯಾರಿಗೂ ಒಳ್ಳೆಯದು ಮಾಡುವುದಿಲ್ಲ ಎಂದು ಒಂದು ನೀತಿಪಾಠವನ್ನೂ ಸೇರಿಸಿದರು. ಆ ಪಾಠ ಬೇಕಿರಲಿಲ್ಲ. ರಾಜಕಾರಣಿ ತಾನೇ, ಮೈಕ್ ಸಿಕ್ಕರೆ ಬಿಡುತ್ತಾರಾ.

ರೇಡಿಯೊದಲ್ಲಿ ಚಿತ್ರ ಕಾಣುವುದಿಲ್ಲ. ಹಾಗಾಗಿ ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೈಯಲ್ಲಿ ಏನಿದೆ ಎಂಬುದನ್ನೆಲ್ಲ ಮಾತಿನಲ್ಲೇ ಕಟ್ಟಬೇಕು. ನಮ್ಮ ಓದುಗರ ಕೈಯಲ್ಲೂ ಆ ಹಳೆಯ ಪುಟಗಳಿಲ್ಲ. ನಿಮ್ಮ ಪರಿಸ್ಥಿತಿಯೂ ಮೇಯರ್‌ದೇ. ಚೌಕ ಚೌಕವಾಗಿ ಹೇಳಿ.

ಜೊತೆಗಿದ್ದ ಚೀಟಿಯಲ್ಲಿ ‘ಇದು ನನ್ನ ಮೂರನೇ ಪ್ರಯತ್ನ’ ಎಂದು ಬರೆದಿದ್ದೀರಿ. ಗೌಲ್ಡ್ 1921ರಲ್ಲಿ ಷಿಕಾಗೋಗೆ ಬಂದವರು. ಹತ್ತು ವರ್ಷ ಕಾಮಿಕ್ಸ್ ಮೇಲೆ ಕಾಮಿಕ್ಸ್ ಕಳಿಸಿ, ಇದೇ ಪ್ಯಾಟರ್ಸನ್ ಕೈಯಲ್ಲಿ ಬೇಡ ಎನ್ನಿಸಿಕೊಂಡವರು. ಕೊನೆಗೆ ಒಪ್ಪಿದಾಗಲೂ ಅವರಿಟ್ಟಿದ್ದ ‘ಪ್ಲೇನ್‌ಕ್ಲೋದ್ಸ್ ಟ್ರೇಸಿ’ ಎಂಬ ಹೆಸರು ಉಳಿಯಲಿಲ್ಲ. ಪತ್ತೇದಾರನಿಗೆ ಅಲ್ಲಿನ ಬೀದಿಮಾತು ‘ಡಿಕ್’, ಅದನ್ನೇ ಇಡಿ ಎಂದರು ಪ್ಯಾಟರ್ಸನ್. ನಿಮ್ಮ ಸಮಾಧಾನಕ್ಕೆ ಇದನ್ನು ಹೇಳುತ್ತಿಲ್ಲ. ರಬ್ಬರಿನ ಪ್ರಸಂಗದ ಪಕ್ಕದಲ್ಲಿ ಇದು ಇರಬೇಕು. ಇಲ್ಲದಿದ್ದರೆ ಪ್ಯಾಟರ್ಸನ್ ಯಾರು, ಅವರ ಮಾತಿಗೆ ಯಾಕೆ ಅಷ್ಟು ತೂಕ ಎಂದು ಓದುಗರಿಗೆ ಗೊತ್ತಾಗುವುದಿಲ್ಲ.

ಎಂಟು ಪುಟ ಬೇಡ, ಐದು ಸಾಕು. ಐಸಿನ ಬಲೆ, ರಬ್ಬರ್, ಫ್ಲ್ಯಾಟ್‌ಟಾಪ್, ಮೇಯರ್. ಉಳಿದ ಖಳರ ಪಟ್ಟಿಯನ್ನು ಬಿಟ್ಟುಬಿಡಿ. ಗಡುವು ಏನಿಲ್ಲ, ಆದರೆ ತಿಂಗಳೊಳಗೆ ಬಂದರೆ ನನಗೆ ಇವೆಲ್ಲ ನೆನಪಿರುತ್ತದೆ.

ಮತ್ತೆ, ಗೌಲ್ಡ್ ಹೆಸರನ್ನು ಎರಡು ಕಡೆ ‘ಗೋಲ್ಡ್’ ಎಂದು ಬರೆದಿದ್ದೀರಿ. ನೋಡಿಕೊಳ್ಳಿ.

ಸಂಪಾದಕ