ಟ್ರೇ ತುಂಬಬೇಡಿ, ಮಗುವಿನ ಬಾಯಿಗೆ ತುರುಕಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಪುಟ್ಟ ಮಕ್ಕಳ ಊಟದ ಬಗ್ಗೆ, ಅದರಲ್ಲೂ ತರಕಾರಿಯ ಬಗ್ಗೆ. ಶಿಶುವಿಹಾರದ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದ ನನಗೆ ಇದು ತುಂಬ ಹತ್ತಿರದ ವಿಷಯ. ಹಾಗಾಗಿ ಈ ಕಂತನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮೂರು ವರ್ಷದ ಮಗಳು ಬೇಯಿಸಿದ ಕ್ಯಾರೆಟ್, ಹೂಕೋಸು ಎರಡನ್ನೂ ಬಾಯಿಗಿಟ್ಟ ಕೂಡಲೇ ಉಗಿಯುತ್ತಾಳೆ. ಓವನ್‌ನಲ್ಲಿ ರೋಸ್ಟ್ ಮಾಡಿದರೆ ಮಕ್ಕಳು ತಿನ್ನುತ್ತಾರೆ ಎಂದು ಗೆಳತಿ ಹೇಳಿದಳು. ಮಾಡಿದೆ. ಮೆತ್ತಗೆ, ನೀರುನೀರಾಗಿ ಬಂತು. ಎಲ್ಲಿ ತಪ್ಪಾಗುತ್ತಿದೆ?

ಉತ್ತರ: ನೀರಿನಲ್ಲಿ. ತರಕಾರಿಯ ಮೈ ಒದ್ದೆಯಾಗಿರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಓವನ್ ಎಷ್ಟೇ ಕಾದಿರಲಿ. ಹೊಂಬಣ್ಣ, ಹುರಿದ ಘಮ ಇವೆಲ್ಲ ಚೆನ್ನಾಗಿ ಬರುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಆಗ ತರಕಾರಿಯೊಳಗಿನ ಸಕ್ಕರೆಯೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಸೇರಿ ಹೊಸ ರುಚಿ ಹುಟ್ಟಿಸುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ ಅವರ ಹೆಸರಿನಿಂದಲೇ ಇದನ್ನು ಮೈಯಾರ್ ಕ್ರಿಯೆ ಎಂದು ಕರೆಯುತ್ತಾರೆ. ನಿಮ್ಮ ತರಕಾರಿ ಆ ಹಂತಕ್ಕೆ ಹೋಗಲೇ ಇಲ್ಲ, ತನ್ನದೇ ಹಬೆಯಲ್ಲಿ ಬೆಂದುಬಿಟ್ಟಿದೆ. ಅಂದರೆ ಮಗಳು ಈಗಾಗಲೇ ಬೇಡ ಎಂದಿದ್ದನ್ನೇ ಬೇರೆ ಪಾತ್ರೆಯಲ್ಲಿ ಮಾಡಿ ಕೊಟ್ಟ ಹಾಗಾಯಿತು.

ಮೊದಲು ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಒರೆಸಿ. ಬರೀ ಸೋಸಿದರೆ ಸಾಲದು, ಒರೆಸಲೇಬೇಕು. ಹೂಕೋಸಿನ ಹೂವಿನ ಸಂದಿಯಲ್ಲಿ ನೀರು ಕೂತಿರುತ್ತದೆ. ತೊಳೆದು, ತಲೆಕೆಳಗಾಗಿ ಬಟ್ಟೆಯ ಮೇಲೆ ಅರ್ಧ ಗಂಟೆ ಬಿಟ್ಟರೆ ಒಳ್ಳೆಯದು. ಓವನ್ 220 ಡಿಗ್ರಿಗೆ ಕಾಯಲಿ, ಖಾಲಿ ಟ್ರೇಯೂ ಅದರೊಳಗೇ ಕಾಯಲಿ. ಅರ್ಧ ಕಿಲೋ ತರಕಾರಿಗೆ ಒಂದೂವರೆ ದೊಡ್ಡ ಚಮಚ ಎಣ್ಣೆ ಸಾಕು. ಆದರೆ ಕೈಯಿಂದಲೇ ಕಲಸಿ, ಪ್ರತಿ ತುಂಡಿಗೂ ತೆಳ್ಳಗೆ ಹತ್ತಬೇಕು.

ಇನ್ನು ಟ್ರೇ. ಬಂದ ಪತ್ರಗಳನ್ನೆಲ್ಲ ಓದಿದ ಮೇಲೆ ನನಗನ್ನಿಸಿದ್ದು, ಮುಕ್ಕಾಲು ಪಾಲು ತೊಂದರೆ ಇಲ್ಲೇ ಇದೆ. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ. ಹಬೆ ಮೇಲೆದ್ದು ಹೋಗಲು ದಾರಿ ಬೇಕು. ಒತ್ತೊತ್ತಾಗಿ ಹರಡಿದರೆ ಒಂದರ ಹಬೆ ಇನ್ನೊಂದನ್ನು ನೆನೆಸುತ್ತದೆ. ಜಾಗ ಸಾಲದಿದ್ದರೆ ಎರಡು ಟ್ರೇ ಮಾಡಿ, ಇಲ್ಲವೇ ಎರಡು ಸಲ ಮಾಡಿ. ಹೂಕೋಸನ್ನು ಹೂವಾಗಿ ಬಿಡಿಸುವುದಕ್ಕಿಂತ ಪ್ರತಿ ಹೂವನ್ನೂ ಉದ್ದಕ್ಕೆ ಸೀಳಿ, ಚಪ್ಪಟೆಯ ಕಡೆ ಕೆಳಗೆ ಬರುವಂತೆ ಇಡಿ. ಕಾದ ಟ್ರೇಗೆ ಇಟ್ಟ ಕೂಡಲೇ ಚುಂಯ್ ಎನ್ನಬೇಕು. ಸದ್ದೇ ಬರದಿದ್ದರೆ ಟ್ರೇ ಕಾದಿಲ್ಲ. ಹದಿನೈದು ನಿಮಿಷ ಅದನ್ನು ಅಲುಗಿಸಬೇಡಿ. ಆಮೇಲೆ ಒಂದು ತುಂಡನ್ನು ಎತ್ತಿ ನೋಡಿ: ಅಡಿಭಾಗ ಹೊಂಬಣ್ಣಕ್ಕೆ ತಿರುಗಿ, ಅಂಚು ತೆಳ್ಳಗೆ ಗರಿಗರಿಯಾಗಿ, ಟ್ರೇಯಿಂದ ತಾನಾಗಿ ಬಿಟ್ಟುಕೊಂಡು ಬಂದರೆ ಮಗುಚುವ ಹೊತ್ತಾಯಿತು. ಅಂಟಿಕೊಂಡಿದ್ದರೆ ಇನ್ನೂ ಮೂರು ನಾಲ್ಕು ನಿಮಿಷ ಬಿಡಿ. ಮಗುಚಿದ ಮೇಲೆ ಎಂಟು ಹತ್ತು ನಿಮಿಷಕ್ಕೆ ಆಗುತ್ತದೆ. ಉಪ್ಪನ್ನು ಕೊನೆಗೆ ಉದುರಿಸಿ. ಮೊದಲೇ ಹಾಕಿ ಇಟ್ಟರೆ ಅದು ತರಕಾರಿಯ ನೀರನ್ನು ಹೊರಗೆಳೆಯುತ್ತದೆ. ಕೊನೆಗೆ ಹಾಕಿದರೆ ನಾಲಿಗೆಗೆ ನೇರ ತಾಕುವುದರಿಂದ ಕಡಿಮೆ ಉಪ್ಪೇ ಸಾಕಾಗುತ್ತದೆ.

ನಿಮ್ಮ ಮಗಳು ಉಗಿಯುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಹೂಕೋಸು, ಎಲೆಕೋಸು, ಬ್ರೊಕೊಲಿ ಇವನ್ನು ನೀರಿನಲ್ಲಿ ಹೆಚ್ಚು ಹೊತ್ತು ಬೇಯಿಸಿದಷ್ಟೂ ಗಂಧಕದ ವಾಸನೆ ಏಳುತ್ತದೆ. ಜೊತೆಗೆ ಕೆಲವು ಮಕ್ಕಳ ನಾಲಿಗೆ ಹುಟ್ಟಿನಿಂದಲೇ ಕಹಿಗೆ ಹೆಚ್ಚು ಸೂಕ್ಷ್ಮ, ಅದು ಜೀನಿನಲ್ಲೇ ಬಂದಿರುತ್ತದೆ. ಅಂಥ ಮಗುವನ್ನು ಹಟಮಾರಿ ಎನ್ನುವುದು ಅನ್ಯಾಯ.

ಪ್ರಶ್ನೆ: ಮನೆಯಲ್ಲಿ ಒಂದೂವರೆ ವರ್ಷದ ಮಗ, ನಾಲ್ಕು ವರ್ಷದ ಮಗಳು. ಇಬ್ಬರಿಗೂ ಆಗುವಂತೆ ಯಾವ ತರಕಾರಿಯಿಂದ ಶುರು ಮಾಡಲಿ? ಹೇಗೆ ಹೆಚ್ಚಲಿ? ಚಿಕ್ಕವನಿಗೆ ಗಂಟಲಲ್ಲಿ ಸಿಕ್ಕಿಕೊಂಡೀತೆಂಬ ಭಯವಿದೆ.

ಉತ್ತರ: ಸಿಹಿಗೆಣಸಿನಿಂದ ಶುರು ಮಾಡಿ. ಇದರೊಳಗಿನ ಒಂದು ಕಿಣ್ವ ಸುಮಾರು 60ರಿಂದ 75 ಡಿಗ್ರಿ ಬಿಸಿಯಲ್ಲಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಬದಲಿಸುತ್ತದೆ. ಆ ಬಿಸಿಯ ಹಂತವನ್ನು ಗೆಣಸು ನಿಧಾನವಾಗಿ ದಾಟಿದಷ್ಟೂ ಸಿಹಿ ಜಾಸ್ತಿ. ಹಾಗಾಗಿ ಇದೊಂದಕ್ಕೆ ಮಾತ್ರ ನನ್ನ ಮೇಲಿನ ಮಾತು ಅನ್ವಯಿಸುವುದಿಲ್ಲ. ಸಿಪ್ಪೆ ಸಹಿತ ಇಡೀ ಗೆಣಸನ್ನು ಅಲ್ಲಲ್ಲಿ ಫೋರ್ಕಿನಿಂದ ಚುಚ್ಚಿ, ತಣ್ಣನೆಯ ಓವನ್‌ನಲ್ಲಿಟ್ಟು, ಆಮೇಲೆ 200 ಡಿಗ್ರಿಗೆ ತಿರುಗಿಸಿ. ಮಧ್ಯಮ ಗಾತ್ರದ್ದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಚುಚ್ಚಿದ ಕಡೆಗಳಲ್ಲಿ ಪಾಕದಂಥ ಅಂಟು ರಸ ಒಸರಿ ಕಪ್ಪಗಾಗಿರುತ್ತದೆ, ಸಿಪ್ಪೆ ಸಡಿಲವಾಗಿ ಸುಕ್ಕುಗಟ್ಟಿರುತ್ತದೆ. ಸೀಳಿ ಸಿಪ್ಪೆ ತೆಗೆದರೆ ಒಳಗೆ ಮೃದು. ಶಿಶುವಿಹಾರದಲ್ಲಿ ತರಕಾರಿ ಎಂದರೆ ಮುಖ ತಿರುಗಿಸುತ್ತಿದ್ದ ಮಕ್ಕಳು ಇದಕ್ಕೆ ತಾವಾಗಿ ಕೈ ಚಾಚುತ್ತಿದ್ದರು.

ನಂತರ ಕ್ಯಾರೆಟ್ ಮತ್ತು ಸಿಹಿಗುಂಬಳ, ಎರಡಕ್ಕೂ 25ರಿಂದ 30 ನಿಮಿಷ. ಬೀನ್ಸ್ 15 ನಿಮಿಷಕ್ಕೇ ಆಗುತ್ತದೆ. ಬೀಟ್‌ರೂಟಿಗೆ 40 ನಿಮಿಷ ಬೇಕು, ಅದಕ್ಕೆ ಬೇರೆಯದೇ ಟ್ರೇ ಇರಲಿ, ಇಲ್ಲದಿದ್ದರೆ ಎಲ್ಲವೂ ಕೆಂಪಾಗುತ್ತದೆ. ಬೀಟ್‌ರೂಟ್ ತಿಂದ ಮರುದಿನ ಮಗುವಿನ ಮೂತ್ರ ಗುಲಾಬಿಯಾದರೆ ಗಾಬರಿ ಬೇಡ, ಅದು ತರಕಾರಿಯ ಬಣ್ಣ. ಒಂದೇ ಟ್ರೇಯಲ್ಲಿ ಬೇಗ ಬೇಯುವುದನ್ನೂ ತಡವಾಗಿ ಬೇಯುವುದನ್ನೂ ಬೆರೆಸಬೇಡಿ. ನೋಡಲು ಚೆಂದ, ತಿನ್ನಲು ಒಂದು ಹಸಿ, ಒಂದು ಕರಕಲು.

ನಿಮ್ಮ ಭಯ ಸಕಾರಣ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿಯಾದ ಹಸಿ ಕ್ಯಾರೆಟ್ ಅಪಾಯಕಾರಿ, ನಾಣ್ಯದಂತೆ ಗುಂಡಗೆ ಹೆಚ್ಚಿದ್ದೂ ಅಪಾಯಕಾರಿ. ಗುಂಡನೆಯ ತುಂಡು ಶ್ವಾಸನಾಳವನ್ನು ಮುಚ್ಚಳದ ಹಾಗೆ ಮುಚ್ಚಿಬಿಡುತ್ತದೆ. ಆದ್ದರಿಂದ ಕ್ಯಾರೆಟ್ಟನ್ನು ಯಾವಾಗಲೂ ಉದ್ದಕ್ಕೆ ನಾಲ್ಕು ಸೀಳು ಮಾಡಿ ರೋಸ್ಟ್ ಮಾಡಿ. ದೊಡ್ಡವಳಿಗೆ ಹಾಗೆಯೇ ಕೊಡಿ, ಹಿಡಿದು ಕಚ್ಚಲು ಅವಳಿಗೆ ಇಷ್ಟವಾಗುತ್ತದೆ. ಚಿಕ್ಕವನಿಗೆ ಅದನ್ನೇ ಒಂದು ಸೆಂಟಿಮೀಟರ್ ಮೀರದ ತುಂಡುಗಳಾಗಿ ಕತ್ತರಿಸಿ. ಕೊಡುವ ಮೊದಲು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿ ನೋಡಿ. ಸುಲಭವಾಗಿ ನುಣ್ಣಗಾದರೆ ಸರಿ. ಅವನ ತುಂಡುಗಳು ಗರಿಗರಿಯಾಗಿ ಒಣಗಿರಬಾರದು, ಐದು ನಿಮಿಷ ಮೊದಲೇ ತೆಗೆದುಬಿಡಿ. ಕುಳಿತೇ ತಿನ್ನಲಿ, ಪಕ್ಕದಲ್ಲಿ ಒಬ್ಬರು ಇರಲಿ. ಓಡಾಡುತ್ತ ತಿನ್ನುವುದು ಬೇಡವೇ ಬೇಡ.

ಪ್ರಶ್ನೆ: ನಮ್ಮಲ್ಲಿ ಓವನ್ ಇಲ್ಲ. ಬಾಣಲೆಯಲ್ಲಿ ಆಗುತ್ತದೆಯೇ?

ಉತ್ತರ: ಧಾರಾಳವಾಗಿ ಆಗುತ್ತದೆ. ದಪ್ಪ ತಳದ ಅಗಲ ಬಾಣಲೆ ಇರಲಿ, ಕಬ್ಬಿಣದ್ದಾದರೆ ಇನ್ನೂ ಒಳ್ಳೆಯದು. ಎಣ್ಣೆ ಕಾದ ಮೇಲೆ ತರಕಾರಿಯನ್ನು ಒಂದೇ ಪದರವಾಗಿ ಹರಡಿ, ಎರಡು ಚಮಚ ನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಡಿ. ಒಳಗೆ ಬೇಯಲು ಅಷ್ಟು ಸಾಕು. ಆಮೇಲೆ ಮುಚ್ಚಳ ತೆಗೆದವರು ಮತ್ತೆ ಮುಚ್ಚಬೇಡಿ. ನೀರು ಪೂರ್ತಿ ಆರಿ, ಬಣ್ಣ ಬರುವವರೆಗೆ ಆಗಾಗ ಕೈಯಾಡಿಸುವ ಆಸೆಯನ್ನೂ ತಡೆದುಕೊಳ್ಳಿ. ಬೆಂಡೆಕಾಯಿಗೆ ಮಾತ್ರ ನೀರೂ ಬೇಡ, ಮುಚ್ಚಳವೂ ಬೇಡ, ಲೋಳೆ ಬಿಡುತ್ತದೆ. ಏರ್ ಫ್ರೈಯರ್ ಇದ್ದವರು ಅದನ್ನು ಬಿಸಿಗಾಳಿ ಬೀಸುವ ಚಿಕ್ಕ ಓವನ್ ಎಂದೇ ತಿಳಿಯಿರಿ. ಬುಟ್ಟಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಪ್ರಶ್ನೆ: ಹತ್ತು ತಿಂಗಳ ಮಗುವಿಗೆ ರುಚಿ ಬರಲೆಂದು ಕ್ಯಾರೆಟ್ ಮೇಲೆ ಚೂರು ಉಪ್ಪು, ಜೇನುತುಪ್ಪ ಸವರಿ ರೋಸ್ಟ್ ಮಾಡಬಹುದೇ?

ಉತ್ತರ: ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಬೇಡ. ಅದರಲ್ಲಿ ಬಾಟ್ಯುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು, ಮನೆಯ ಅಡುಗೆಯ ಬಿಸಿಗೆ ಅವು ಸಾಯುವುದಿಲ್ಲ. ಉಪ್ಪೂ ಬೇಡ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಸಲಹೆಯಂತೆ ವರ್ಷ ತುಂಬದ ಮಗುವಿಗೆ ಇಡೀ ದಿನಕ್ಕೆ 1 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅದು ಹಾಲು ಮತ್ತು ಬೇರೆ ಆಹಾರದಿಂದಲೇ ಸಿಗುತ್ತದೆ. ಒಂದರಿಂದ ಮೂರು ವರ್ಷದವರಿಗೆ ಮಿತಿ 2 ಗ್ರಾಂ. ಚೂರು ಬೆಣ್ಣೆಯೋ ಎಣ್ಣೆಯೋ ಸವರಿ ಸಾಕು. ಮೈಯಲ್ಲಿ ವಿಟಮಿನ್ ಎ ಆಗಿ ಬದಲಾಗುವ, ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಕೊಬ್ಬಿನಂಶ ಬೇಕೇ ಬೇಕು. ಜೀರಿಗೆ ಪುಡಿ ಒಂದು ಚಿಟಿಕೆ ಹಾಕಬಹುದು. ಸಿಹಿಯ ಚಿಂತೆ ಬಿಡಿ, ಚೆನ್ನಾಗಿ ರೋಸ್ಟ್ ಆದ ಕ್ಯಾರೆಟ್ಟಿನಲ್ಲಿ ಅದರದೇ ಸಿಹಿ ಎದ್ದು ಕಾಣುತ್ತದೆ.

ಪ್ರಶ್ನೆ: ಕಂದು ಬಣ್ಣ ಬಂದ ಆಹಾರ ಮಕ್ಕಳಿಗೆ ಒಳ್ಳೆಯದಲ್ಲ ಎಂದು ಓದಿದೆ. ನಿಜವೇ?

ಉತ್ತರ: ನೀವು ಓದಿದ್ದು ಅಕ್ರಿಲಮೈಡ್ ಎಂಬ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ರಾಸಾಯನಿಕದ ಬಗ್ಗೆ ಇರಬೇಕು. ಪಿಷ್ಟವಿರುವ ಪದಾರ್ಥಗಳನ್ನು 120 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಹುರಿದಾಗ, ಕರಿದಾಗ ಇದು ಉಂಟಾಗುತ್ತದೆ. ಆಹಾರದಲ್ಲಿ ಇದಿರುವ ಸಂಗತಿ 2002ರಲ್ಲಿ ಸ್ವೀಡನ್ನಿನಿಂದ ಹೊರಬಿತ್ತು. ಮುಖ್ಯವಾಗಿ ಎಚ್ಚರ ಬೇಕಿರುವುದು ಆಲೂಗಡ್ಡೆಯಲ್ಲಿ. ಹೆಚ್ಚಿದ ಆಲೂಗಡ್ಡೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಹೊನ್ನಿನ ಹಳದಿ ಬಂದ ಕೂಡಲೇ ತೆಗೆಯಿರಿ. ಬೇರೆ ತರಕಾರಿಯಲ್ಲೂ ಹೊಂಬಣ್ಣಕ್ಕೆ ನಿಲ್ಲಿಸಿ, ಕಪ್ಪಾದ ತುದಿಯನ್ನು ಚಿವುಟಿ ಹಾಕಿ. ಈ ಭಯದಿಂದ ಮತ್ತೆ ನೀರಿನಲ್ಲಿ ಬೇಯಿಸಿ ತರಕಾರಿಯನ್ನೇ ತಿನ್ನದ ಹಾಗೆ ಮಾಡಿಕೊಳ್ಳಬೇಡಿ.

ಪ್ರಶ್ನೆ: ನೀವು ಹೇಳುವ ರೀತಿಯಲ್ಲೇ ಮಾಡುತ್ತೇನೆ, ಗರಿಗರಿಯಾಗಿಯೇ ಬರುತ್ತದೆ. ಆದರೂ ಮೂರೂವರೆ ವರ್ಷದ ಮಗ ಮುಟ್ಟುವುದಿಲ್ಲ. "ಒಂದೇ ಒಂದು ತುತ್ತು ತಿನ್ನು, ಚಾಕೊಲೇಟ್ ಕೊಡ್ತೀನಿ" ಎಂದು ಅವರಪ್ಪ, "ತಿನ್ನದಿದ್ದರೆ ಮೇಲೇಳೋ ಹಾಗಿಲ್ಲ" ಎಂದು ಅತ್ತೆ. ದಿನಾ ಊಟ ಅಳುವಿನಲ್ಲಿ ಮುಗಿಯುತ್ತದೆ. ನನಗೆ ಸಾಕಾಗಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಅಡುಗೆಯಲ್ಲಿ ಏನೂ ಕೊರತೆಯಿಲ್ಲ, ಮಗುವಿನಲ್ಲೂ ಇಲ್ಲ. ಎರಡರಿಂದ ಆರು ವರ್ಷದ ನಡುವೆ ಹೊಸ ತಿಂಡಿಯನ್ನು ಕಂಡರೆ ಹಿಂಜರಿಯುವುದು ಮಕ್ಕಳ ಸಹಜ ಗುಣ. ಸಿಹಿ ಹುಟ್ಟಿನಿಂದಲೇ ಹಿತ, ಉಳಿದ ಎಷ್ಟೋ ರುಚಿಗಳನ್ನು ಅವರು ಕಲಿಯಬೇಕು. ಆ ಕಲಿಕೆಯ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರ ದಶಕದಿಂದ ಅಧ್ಯಯನ ಮಾಡಿದರು. ಎರಡು ವರ್ಷದ ಮಕ್ಕಳಿಗೆ ಹೊಸ ಪದಾರ್ಥಗಳನ್ನು ಬೇರೆ ಬೇರೆ ಸಂಖ್ಯೆಯ ಸಲ ರುಚಿ ತೋರಿಸಿದಾಗ, ಹೆಚ್ಚು ಸಲ ರುಚಿ ನೋಡಿದ್ದನ್ನೇ ಅವರು ಹೆಚ್ಚು ಇಷ್ಟಪಟ್ಟರು. ಹತ್ತು ಹದಿನೈದು ಸಲವೂ ಬೇಕಾಗಬಹುದು. ಎರಡು ಮೂರು ಸಲ ಬೇಡ ಎಂದ ಕೂಡಲೇ "ಇವನಿಗೆ ಸೇರಲ್ಲ" ಎಂದು ಕೈಬಿಡುವ ಮನೆಗಳೇ ಹೆಚ್ಚು.

ಚಾಕೊಲೇಟಿನ ಆಮಿಷ ದಯವಿಟ್ಟು ನಿಲ್ಲಿಸಿ. ತರಕಾರಿ ಎಂದರೆ ದಾಟಬೇಕಾದ ಕಷ್ಟ, ಚಾಕೊಲೇಟ್ ಎಂದರೆ ಬಹುಮಾನ ಎಂಬ ಪಾಠವನ್ನು ಅದು ದಿನಾ ಹೇಳಿಕೊಡುತ್ತದೆ. ಬೆದರಿಕೆಯೂ ಅಷ್ಟೇ. ನಿಮ್ಮ ಅತ್ತೆಯವರಿಗೆ ಇದನ್ನು ಮೆಲ್ಲಗೆ ಹೇಳಿ, ಅವರ ಕಳಕಳಿ ನಿಜವಾದದ್ದೇ. ಅಮೆರಿಕದ ಪಥ್ಯತಜ್ಞೆ ಎಲ್ಲಿನ್ ಸ್ಯಾಟರ್ ಮಾಡಿದ ಹೊಣೆಯ ಹಂಚಿಕೆಯನ್ನು ಅವರ ಮುಂದಿಡಿ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು, ತಿನ್ನುವುದೋ ಬಿಡುವುದೋ, ಎಷ್ಟು ತಿನ್ನುವುದು ಎಂಬುದು ಮಗುವಿನದು. ಶಿಶುವಿಹಾರದಲ್ಲಿ ನಾವು ಇದನ್ನೇ ಪಾಲಿಸುತ್ತಿದ್ದೆವು, ಊಟದ ಕೋಣೆಯ ಗದ್ದಲ ಅರ್ಧಕ್ಕಿಳಿದಿತ್ತು.

ಮಾಡುವುದು ಹೀಗೆ. ಅವನಿಗೆ ಇಷ್ಟವಾದ ಊಟದ ಪಕ್ಕದಲ್ಲಿ ರೋಸ್ಟ್ ಮಾಡಿದ ತರಕಾರಿಯ ಎರಡೇ ತುಂಡು ಇಡಿ. ರಾಶಿ ಕಂಡರೆ ಮಕ್ಕಳು ಸೋಲುತ್ತಾರೆ. ಚಿಕ್ಕ ಬಟ್ಟಲಲ್ಲಿ ಗಟ್ಟಿ ಮೊಸರು ಇಡಿ, ಅದ್ದಿ ತಿನ್ನುವುದು ಅವರಿಗೆ ಆಟ. ನೀವೂ ಅದೇ ಟ್ರೇಯ ತರಕಾರಿ ತಿನ್ನಿ, ಎಲ್ಲರೂ ತಿನ್ನಲಿ. ಅವನತ್ತ ನೋಡುತ್ತ ಕೂರಬೇಡಿ, ತಿಂದರೆ ಚಪ್ಪಾಳೆಯೂ ಬೇಡ. ಮುಟ್ಟಲಿ, ಮೂಸಲಿ, ಅಂಚನ್ನು ಉಗುರಿನಲ್ಲಿ ಕೆರೆಯಲಿ, ನೆಕ್ಕಿ ಕೆಳಗಿಡಲಿ. ನೆಕ್ಕಿದ್ದೂ ಒಂದು ರುಚಿಯೇ, ಲೆಕ್ಕಕ್ಕೆ ಬರುತ್ತದೆ. ಬಾಯಿಗೆ ಹಾಕಿಕೊಂಡು ಹೊರತೆಗೆಯಲೂ ಬಿಡಿ, ಅದಕ್ಕೊಂದು ಕರವಸ್ತ್ರ ಪಕ್ಕದಲ್ಲಿರಲಿ. ಉಗಿಯಬಹುದು ಎಂಬ ಧೈರ್ಯವಿದ್ದರೆ ಬಾಯಿಗಿಡುವ ಧೈರ್ಯವೂ ಬರುತ್ತದೆ. ಎಣ್ಣೆ ಕಲಸುವ ಕೆಲಸವನ್ನು ಅವನಿಗೇ ವಹಿಸಿ, ಟ್ರೇ ಕಾಯುವ ಮುಂಚೆ, ಪಾತ್ರೆಯಲ್ಲಿ. ಮತ್ತೆ ಎರಡು ದಿನ ಬಿಟ್ಟು ಅದನ್ನೇ, ಆಕಾರ ಬದಲಿಸಿ, ಹಾಗೇ ಸುಮ್ಮನೆ ಇಡಿ. ಕೆಲವು ವಾರ ಹಿಡಿಯಬಹುದು. ತೂಕ ಏರದಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ ಅಥವಾ ತಿನ್ನುವ ಪದಾರ್ಥಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಉಳಿದದ್ದನ್ನು ಮರುದಿನ ಕೊಡಬಹುದೇ? ಬಿಸಿ ಮಾಡಿದರೆ ಮೆತ್ತಗಾಗುತ್ತದೆ.

ಉತ್ತರ: ಕೊಡಬಹುದು. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಮೈಕ್ರೊವೇವ್ ಬೇಡ, ಒಣ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಅದರಲ್ಲಿ ಪೂರ್ತಿ ಬಿಸಿಯಾಗುವವರೆಗೆ ಆಡಿಸಿ. ಮಗುವಿನ ತಟ್ಟೆಯಲ್ಲಿ ಉಳಿದದ್ದನ್ನು ಮಾತ್ರ ಎತ್ತಿಡಬೇಡಿ.